ಹಿಂದಿನ ಗಾಜಿನ ಪಾಚಿ

ಅಂಗಡಿಯ ಬಾಗಿಲೆತ್ತಿ ದೀಪ ಹಾಕಿದ್ದೇ ತಡ, ಸಲೂನಿನ ಯಜಮಾನನ ಪಿತ್ತ ನೆತ್ತಿಗೇರಿತು. ನಿನ್ನೆ ಸೋಮವಾರ, ವಾರದ ರಜೆ. ಊರಿನ ಮಂದಿಯೆಲ್ಲ ರಜೆಯಲ್ಲಿ ಕಾಲು ಚಾಚಿ ಮಲಗುತ್ತಾರೆ. ಇವನು ಅರ್ಧ ದಿನ ಅಂಗಡಿಯಲ್ಲೇ ಕೂತು ಮೀನಿನ ತೊಟ್ಟಿಯ ನಾಲ್ಕೂ ಗಾಜಿನ ಪಾಚಿ ಕೆರೆದಿದ್ದ. ಗಾಜೇನೋ ಫಳಫಳ ಹೊಳೆಯುತ್ತಿತ್ತು. ಆದರೆ ಬಿಸ್ಕತ್ತಿನ ಬಾಲ ಮತ್ತೆ ಹರಿದಿತ್ತು.

"ಎಲಾ ಪೈಲ್ವಾನ! ನಿನ್ನ ಹೊಟ್ಟೆಗೆ ಏನು ಕಮ್ಮಿ ಮಾಡಿದೀನೋ ನಾನು?" ಎಂದು ಗಾಜಿಗೆ ಮೂಗು ತಾಗಿಸಿ ಕೂಗಿದ.

ಪೈಲ್ವಾನನೆಂದರೆ ಹೆಬ್ಬೆರಳುದ್ದದ ನೀಲಿ ಮೀನು. ಬಿಸ್ಕತ್ತೆಂದರೆ ಬಿಳಿ ಪಟ್ಟೆಯ ಕಿತ್ತಳೆ ಮೀನು, ಗಾತ್ರದಲ್ಲಿ ಕೊಂಚ ದೊಡ್ಡದು, ಸ್ವಭಾವದಲ್ಲಿ ಪೂರಾ ಪೆದ್ದು. ಎರಡೂ ಸಮುದ್ರದ ಮೀನುಗಳು. ತೊಟ್ಟಿ ನಾಲ್ಕು ಬಕೆಟ್ ನೀರಿನಷ್ಟು ಚಿಕ್ಕದು, ಅದರ ಚಾಕರಿ ಮಾತ್ರ ದೊಡ್ಡದು. ಉಪ್ಪನ್ನು ಅಳೆದು ಕಲಸಬೇಕು, ಆವಿಯಾದಷ್ಟಕ್ಕೆ ಸಪ್ಪೆ ನೀರು ಸೇರಿಸಬೇಕು, ಉಪ್ಪು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಮೂವತ್ತು ವರ್ಷ ಊರವರ ತಲೆ ನೋಡಿಕೊಂಡು ಬಂದವನ ತಲೆಯನ್ನು ಈ ಎರಡು ಮೀನು ಸೇರಿ ಎರಡೇ ತಿಂಗಳಲ್ಲಿ ತಿಂದು ಹಾಕಿದ್ದವು.

ಮೀನು ಮಗಳದ್ದು. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಹೊಸದಾಗಿ ಹಿಡಿದ ಬಾಡಿಗೆ ಮನೆಯ ಒಡೆಯ, ನೀರಿನ ತೊಟ್ಟಿ ಗಿಟ್ಟಿ ಇಟ್ಟರೆ ಮನೆಯೇ ಇಲ್ಲ ಎಂದುಬಿಟ್ಟ. "ದೊಡ್ಡ ಮನೆ ಸಿಗೋವರೆಗೂ ನೋಡ್ಕೊಳ್ಳಪ್ಪಾ" ಎಂದು ವ್ಯಾನಿನಲ್ಲಿ ಕಳಿಸಿದ್ದಳು. ಮೂರು ವರ್ಷ ಅವಳ ಮನೆಯಲ್ಲಿ ಈ ಎರಡೂ ಒಂದರ ತಂಟೆಗೆ ಇನ್ನೊಂದು ಹೋಗಿರಲಿಲ್ಲವಂತೆ. ಇಲ್ಲಿ ಬಂದ ವಾರದಿಂದಲೇ ಪೈಲ್ವಾನ ಕಾಲು ಕೆರೆದು ಜಗಳಕ್ಕೆ ನಿಂತ. ಕೆರೆಯಲು ಅವನಿಗೆ ಕಾಲು ಬೇರೆ ಇಲ್ಲ.

ಯಜಮಾನ ಮಾಡದ ಉಪಚಾರವಿಲ್ಲ. ತೊಟ್ಟಿ ಬಂದ ದಿನವೇ ಅದನ್ನು ಮೂರನೇ ಕುರ್ಚಿಯ ಮುಂದೆ, ಗೋಡೆಯುದ್ದಕ್ಕೂ ಇದ್ದ ದೊಡ್ಡ ಕನ್ನಡಿಗೆ ನಾಲ್ಕು ಬೆರಳು ಬಿಟ್ಟು ಇರಿಸಿದ. ಹಿಂದಿನ ಗಾಜಿಗೆ ಮಗಳ ಕಾಲದ ಕರಿ ಕಾಗದವೊಂದು ಅಂಟಿಕೊಂಡಿತ್ತು. ಅದನ್ನು ಕಿತ್ತು, ಗೋಂದಿನ ಕಲೆ ಹೋಗುವಂತೆ ಉಜ್ಜಿದ. ಗಾಜಿನ ಮೇಲೆ ಒಂದು ಬೆರಳಚ್ಚು ಬಿದ್ದರೂ ಸಹಿಸದ ಮನುಷ್ಯ ಅವನು. ಈಗ ಎರಡು ಮೀನು ಕನ್ನಡಿಯಲ್ಲಿ ನಾಲ್ಕಾಗಿ ಕಾಣುತ್ತಿದ್ದವು. ಗಿರಾಕಿಗಳು ಆಹಾ ಅಂದರು.

ಆಹಾ ಅಂದದ್ದು ಆ ಒಂದೇ ವಾರ. ಮೀನಂಗಡಿಯವನನ್ನು ಕೇಳಿದ್ದಕ್ಕೆ, "ಒಳಗಿನ ಕಲ್ಲುಗಳನ್ನ ಅದಲು ಬದಲು ಮಾಡಿ ಸ್ವಾಮಿ. ತನ್ನ ಜಾಗ ಯಾವ್ದು ಅಂತ ಅವನಿಗೆ ಮರ್ತೋಗ್ಬೇಕು" ಎಂದ. ಮೊಳಕೈವರೆಗೆ ಉಪ್ಪುನೀರಿನಲ್ಲಿ ಅದ್ದಿಕೊಂಡು ಕಲ್ಲು ಸರಿಸಿದ್ದಾಯಿತು. ಪೈಲ್ವಾನ ಏನೂ ಮರೆಯಲಿಲ್ಲ. "ಹಾಗಾದ್ರೆ ತೂತಿನ ಡಬ್ಬಿಯೊಳಗೆ ನಾಲ್ಕು ದಿನ ಕೂಡಿ ಹಾಕಿ" ಎಂದ. ಕೂಡಿ ಹಾಕಿದ. ಪೈಲ್ವಾನ ಡಬ್ಬಿಯೊಳಗಿಂದಲೇ ಹಿಂದಿನ ಗಾಜಿನ ಕಡೆಗೆ ತಿರುಗಿ ಟಕ್ ಟಕ್ ಎಂದು ಗುದ್ದಿ ಮೂತಿ ಕೆಂಪು ಮಾಡಿಕೊಂಡ. ಕರುಣೆ ಬಂದು ಬಿಟ್ಟರೆ, ಹೊರಬಂದವನೇ ಬಿಸ್ಕತ್ತಿನ ಬೆನ್ನಟ್ಟಿದ. ಇನ್ನು ಪಾಚಿಗೆ ಮೀನಂಗಡಿಯವನ ಮದ್ದು: "ದೀಪ ಕಮ್ಮಿ ಮಾಡಿ, ತಿಂಡಿ ಕಮ್ಮಿ ಮಾಡಿ."

"ದೀಪ ಕಮ್ಮಿ ಮಾಡಿ, ಕತ್ತಲಲ್ಲಿ ಕೂತು ಜನರ ಕಿವಿ ಕತ್ತರಿಸ್ಲಾ?" ಎಂದು ಯಜಮಾನ ರೇಗಿದ.

ಸಲೂನಿನ ದೀಪಗಳು ಬೆಳಗಿನಿಂದ ಸಂಜೆಯವರೆಗೆ ಉರಿಯಲೇಬೇಕು. ಆ ಬೆಳಕಿಗೆ ಪಾಚಿ ಹುಲುಸಾಗಿ ಬೆಳೆಯಿತು. ಮುಂದಿನ ಗಾಜನ್ನು ಅವನು ದಿನಾ ಬೆಳಗ್ಗೆ ಹಳೇ ಬ್ಲೇಡಿನಿಂದ ಕೆರೆಯುತ್ತಿದ್ದ. ಹಿಂದಿನದಕ್ಕೆ ಕೈ ಸುಲಭಕ್ಕೆ ಸಿಗದು, ಅದರ ಸರದಿ ವಾರದ ರಜೆಗೆ.

"ನೀವು ಕೆರೆದ ಮಾರನೇ ದಿನಾನೇ ಇದಕ್ಕೆ ಹುಚ್ಚು ಹಿಡಿಯತ್ತೆ, ನೋಡಿದೀರಾ?" ಎಂದು ಊಟದ ಬುತ್ತಿ ತಂದ ಹೆಂಡತಿ ಒಂದು ಸಲ ಹೇಳಿದ್ದಳು.

"ಪಾಚಿಯಿಂದ್ಲೇ ಕಣೇ ಹುಚ್ಚು ಹಿಡಿಯೋದು. ಕೊಳಕಿನಲ್ಲಿ ಯಾರಿಗೆ ತಾನೇ ತಲೆ ಸರಿ ಇರತ್ತೆ?" ಎಂದು ಅವಳ ಬಾಯಿ ಮುಚ್ಚಿಸಿದ್ದ.

ಇಷ್ಟೆಲ್ಲ ರಗಳೆಯ ತೊಟ್ಟಿಯನ್ನು ಎತ್ತಿ ಯಾರಿಗಾದರೂ ಕೊಟ್ಟುಬಿಡಬಹುದಿತ್ತಲ್ಲ? ಕೊಡುವಂತಿರಲಿಲ್ಲ. ಕಾರಣ ಹನ್ನೊಂದು ಗಂಟೆಯ ಫೋನು.

ಮೊದಲೆಲ್ಲ ಮಗಳ ಫೋನು ಬರುತ್ತಿದ್ದುದು ತಾಯಿಗೆ. ಕೊನೆಯಲ್ಲಿ "ಅಪ್ಪ ಹೇಗಿದಾರೆ?" ಎಂದು ಕೇಳುತ್ತಿದ್ದಳು. "ಇದಾರೆ, ಅವ್ರಿಗೇನು" ಎಂದು ಇವಳು ಹೇಳುತ್ತಿದ್ದಳು. ಮಗಳಲ್ಲಿ ಅವನಿಗಿದ್ದ ಪಾಲು ಅಷ್ಟೇ. ಅಪ್ಪ ಮಗಳಿಗೆ ಜಗಳವೇನೂ ಇರಲಿಲ್ಲ, ಮಾತಿರಲಿಲ್ಲ ಅಷ್ಟೆ. ಅಪ್ಪಿತಪ್ಪಿ ಫೋನು ಕೈಗೆ ಬಂದರೆ, "ಊಟ ಆಯ್ತಾ?" "ಆಯ್ತು." "ಸರಿ, ಅಮ್ಮಂಗೆ ಕೊಡ್ತೀನಿ." ಮೀನು ಬಂದ ಮೇಲೆ ಅವಳು ನೇರ ಅವನ ನಂಬರಿಗೇ ಮಾಡತೊಡಗಿದಳು, ದಿನಾ ಹನ್ನೊಂದಕ್ಕೆ, ಲ್ಯಾಬಿನ ಟೀ ಬಿಡುವಿನಲ್ಲಿ. ಉಪ್ಪೆಷ್ಟು, ಪಾಚಿಯೆಷ್ಟು, ಬಿಸ್ಕತ್ತು ತಿಂದಿತಾ ಎಂದು ಶುರುವಾದ ಮಾತು ಅವಳ ಮೇಲಧಿಕಾರಿಯ ಕೊಂಕಿಗೆ, ಅಳಿಯನ ಗೊರಕೆಗೆ, ಅವಳ ಬೆನ್ನುನೋವಿಗೆ ಹರಿಯುತ್ತಿತ್ತು. ಮಗಳು ಇಷ್ಟು ಚೆನ್ನಾಗಿ ಮಾತಾಡುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಹತ್ತೂವರೆಯಿಂದಲೇ ಅವನ ಕಣ್ಣು ಗಡಿಯಾರದ ಮೇಲಿರುತ್ತಿತ್ತು.

ಆ ದಿನ ಹರಿದ ಬಾಲದ ಸುದ್ದಿ ಕೇಳಿ ಮಗಳು ಎಷ್ಟು ಹರಿದಿದೆಯೆಂದು ಎರಡೆರಡು ಸಲ ಕೇಳಿದಳು. ಆಮೇಲೆ, "ಇನ್ನು ಆಗಲ್ಲಪ್ಪಾ. ಹೀಗೇ ಆದ್ರೆ ಬಿಸ್ಕತ್ತು ಸತ್ತೋಗತ್ತೆ. ಭಾನುವಾರ ಬಂದು ಎರಡನ್ನೂ ತಗೊಂಡೋಗ್ತೀನಿ. ನನ್ನ ಫ್ರೆಂಡೊಬ್ಳು ಸಾಕ್ತೀನಿ ಅಂದಿದಾಳೆ" ಎಂದಳು.

"ನಾನು ಸರಿ ಮಾಡ್ತೀನಿ ಕಣಮ್ಮಾ."

"ನಿನ್ನ ತಪ್ಪು ಅಂತ ಅಲ್ಲಪ್ಪಾ. ಆ ಜಾಗ ಅವಕ್ಕೆ ಒಗ್ಗಿಲ್ಲ, ಅಷ್ಟೇ."

ಫೋನಿಟ್ಟವನು ಗಡಿಯಾರ ನೋಡಿದ. ಮೀನು ಹೋದರೆ ಫೋನೂ ಹೋಯಿತು. ಮತ್ತೆ "ಇದಾರೆ, ಅವ್ರಿಗೇನು."

ವಾರವೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾದ. ಗುರುವಾರದ ಹೊತ್ತಿಗೆ ಪೈಲ್ವಾನ ತಾನಾಗಿಯೇ ತಣ್ಣಗಾದ. ಶುಕ್ರವಾರ ಎರಡೂ ಒಂದೇ ಕಲ್ಲಿನ ಬದಿಯಲ್ಲಿ ತಿಂಡಿ ತಿಂದವು. ಯಜಮಾನನಿಗೆ ಸ್ವರ್ಗಕ್ಕೆ ಮೂರೇ ಗೇಣು. ಇನ್ನು ಮಗಳು ಬಂದು ನೋಡಿದರೆ ತೊಟ್ಟಿ ಕನ್ನಡಿಯ ಹಾಗಿರಬೇಕು, ಒಂದೇ ಒಂದು ಮಾತು ಬರಬಾರದು ಎಂದುಕೊಂಡು ಶನಿವಾರ ಬೆಳಗ್ಗೆ ಬೇಗ ಬಂದು ಹಿಂದಿನ ಗಾಜನ್ನು ಮೂಲೆ ಮೂಲೆ ಬಿಡದೆ ಕೆರೆದ. ತೇಲಿದ ಪಾಚಿಯನ್ನು ಪೈಪಿನಿಂದ ಹೀರಿ ತೆಗೆದ.

ಹತ್ತು ಗಂಟೆಗೆ ಪೈಲ್ವಾನ ರೆಕ್ಕೆ ನಿಗುರಿಸಿ ನಿಂತ. ಹನ್ನೊಂದಕ್ಕೆ ಫೋನು ಬಂದಾಗ "ಎಲ್ಲ ಚೆನ್ನಾಗಿದೆ" ಎಂದು ಸುಳ್ಳು ಹೇಳಿದ್ದಾಯಿತು. ಹನ್ನೆರಡಕ್ಕೆ ಬಿಸ್ಕತ್ತು ನೀರಿನ ಪಂಪಿನ ಹಿಂದೆ ಅಡಗಿ ಏದುಸಿರು ಬಿಡುತ್ತಿತ್ತು.

"ಏನಯ್ಯಾ, ನಿನ್ನ ಮೀನಿಗೆ ಬ್ರೇಕೇ ಇಲ್ವಲ್ಲ" ಎಂದರು ಎರಡನೇ ಕುರ್ಚಿಯಲ್ಲಿ ಕೂತಿದ್ದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕ್ಷೌರಕ್ಕಿಂತ ಹರಟೆಗೇ ಹೆಚ್ಚು ಬರುವ ಆಸಾಮಿ.

"ಸುಮ್ನಿರಿ ಮೇಷ್ಟ್ರೇ. ಮೊದಲೇ ಉರೀತಾ ಇದೀನಿ, ನೀವು ಬೇರೆ ಉಪ್ಪು ಸುರೀಬೇಡಿ" ಎಂದು ಯಜಮಾನ ಹಲ್ಲು ಕಡಿದ.

ಕಟಿಂಗು ಮುಗಿಯಿತು. ಅಭ್ಯಾಸದಂತೆ ಕೈಗನ್ನಡಿ ತೆಗೆದು ಅವರ ತಲೆಯ ಹಿಂದೆ ಹಿಡಿದ. ಅಲ್ಲಿ ಅವರಿಗೆ ಒಂದು ರೂಪಾಯಿ ಅಗಲದ ಬೋಳು. "ಅದನ್ನೆಲ್ಲ ಯಾಕೆ ತೋರಿಸ್ತೀಯಾ? ತೆಗಿ ಆಚೆ!" ಎಂದು ಅವರು ಗುರ್ರೆಂದರು. ಅವನು ಕೈಗನ್ನಡಿಯನ್ನು ತೊಟ್ಟಿಯ ಪಕ್ಕಕ್ಕೆ ಒರಗಿಸಿಟ್ಟ.

ಟಕ್.

ಹಿಂದಿನ ಗಾಜಿನ ಬಳಿ ಇದ್ದ ಪೈಲ್ವಾನ ಬಾಣದಂತೆ ಬಂದು ಕೈಗನ್ನಡಿ ಇದ್ದ ಕಡೆಯ ಗಾಜಿಗೆ ಗುದ್ದಿದ್ದ. ಯಜಮಾನ ಕನ್ನಡಿ ತೆಗೆದ. ಪೈಲ್ವಾನ ಸುಮ್ಮನಾದ. ಮತ್ತೆ ಹಿಡಿದ. ಟಕ್. ಯಜಮಾನ ಬಗ್ಗಿ ತೊಟ್ಟಿಯ ಆಚೆ ನೋಡಿದ. ಫಳಫಳ ಹೊಳೆಯುವ ಹಿಂದಿನ ಗಾಜು, ಅದರಾಚೆ ನಾಲ್ಕೇ ಬೆರಳು ದೂರದಲ್ಲಿ ಗೋಡೆಯ ದೊಡ್ಡ ಕನ್ನಡಿ, ಅದರೊಳಗೆ ಇನ್ನೊಬ್ಬ ಪೈಲ್ವಾನ ರೆಕ್ಕೆ ನಿಗುರಿಸಿ ಇವನನ್ನೇ ದುರುಗುಟ್ಟಿ ನೋಡುತ್ತಿದ್ದ.

ಎರಡು ತಿಂಗಳಿಂದ ಪಾಪದ ಮೀನು ಬೆಳಗಿನಿಂದ ಸಂಜೆಯವರೆಗೆ ಸೋಲದ, ಓಡದ, ದಣಿಯದ ಒಬ್ಬ ವೈರಿಯ ಜೊತೆ ಹೊಡೆದಾಡುತ್ತಿತ್ತು. ಆ ಸಿಟ್ಟನ್ನು ಕೈಗೆ ಸಿಕ್ಕ ಬಿಸ್ಕತ್ತಿನ ಮೇಲೆ ತೀರಿಸಿಕೊಳ್ಳುತ್ತಿತ್ತು. ಪಾಚಿ ಬೆಳೆದು ಆ ಕನ್ನಡಿಗೆ ಪರದೆ ಎಳೆದಾಗಲೆಲ್ಲ ತಣ್ಣಗಾಗುತ್ತಿತ್ತು. ಆ ಪರದೆಯನ್ನು ವಾರಕ್ಕೊಮ್ಮೆ ಕೆರೆದು ಎಸೆದವನು ತಾನೇ. ಮೊಟ್ಟಮೊದಲು ಕರಿ ಕಾಗದ ಕಿತ್ತವನೂ ತಾನೇ. ಯಜಮಾನ ಇಂಗು ತಿಂದ ಮಂಗನಂತೆ ನಿಂತ. ಬೈಯಲು ಬಾಯಿ ತೆರೆದರೆ ಬೈಸಿಕೊಳ್ಳುವವರು ಯಾರೂ ಇರಲಿಲ್ಲ.

ಮೇಷ್ಟ್ರ ಕೊರಳಿಗೆ ಕಟ್ಟಿದ್ದ ಕರಿ ಬಟ್ಟೆಯನ್ನು ಸರಕ್ಕನೆ ಎಳೆದು, ಕೂದಲನ್ನೂ ಕೊಡವದೆ ತೊಟ್ಟಿಗೂ ಕನ್ನಡಿಗೂ ನಡುವೆ ತುರುಕಿದ. "ಅಯ್ಯೋ, ನನ್ನ ಅಂಗಿ!" ಎಂದು ಅವರು ಕೂಗಿಕೊಂಡರು. ಮೂರು ಗಂಟೆಯ ಹೊತ್ತಿಗೆ ಬಿಸ್ಕತ್ತು ಪಂಪಿನ ಹಿಂದಿನಿಂದ ಮೆಲ್ಲನೆ ಹೊರಗೆ ಬಂತು.

ಭಾನುವಾರ ಮಗಳು ಎರಡು ಖಾಲಿ ಡಬ್ಬಿ ಹಿಡಿದುಕೊಂಡು ಬಂದಳು. ಬಟ್ಟೆ ನೋಡಿ, "ಇದೇನಪ್ಪಾ ಇದು?" ಎಂದಳು. ಅವನು ಕಾಗದ ಕಿತ್ತದ್ದು, ಗಾಜು ಕೆರೆದದ್ದು, ಶನಿವಾರ ಸುಳ್ಳು ಹೇಳಿದ್ದು, ಎಲ್ಲ ಒಪ್ಪಿಸಿದ.

"ಆ ಪೇಪರ್ ಯಾಕಪ್ಪಾ ಕಿತ್ತೆ?"

"ಕೊಳೆ ಅಂದ್ಕೊಂಡೆ."

ಮಗಳು ಹಣೆ ಚಚ್ಚಿಕೊಂಡಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹಿಂದಿನ ಗಾಜು ಕೆರೀಬೇಡ, ಆಯ್ತಾ? ಪಾಚಿ ಕಟ್ಟಲಿ ಬಿಡು. ನಿನ್ನ ಕೈಲಿ ಆಗತ್ತಾ?"

"ಆಗತ್ತೆ" ಎಂದ, ಹಲ್ಲು ಕಚ್ಚಿಕೊಂಡು.

"ಸದ್ಯ, ನನಗೂ ದಿನಾ ಫೋನ್ ಮಾಡಿ ನಿನ್ನ ತಲೆ ತಿನ್ನೋದು ತಪ್ತು" ಎಂದಳು. ಖಾಲಿ ಡಬ್ಬಿಗಳನ್ನು ಖಾಲಿಯಾಗಿಯೇ ಎತ್ತಿಕೊಂಡು ಸಂಜೆಯ ಬಸ್ಸು ಹತ್ತಿದಳು.

ಮಂಗಳವಾರ ಹನ್ನೊಂದಾಯಿತು. ಫೋನು ಬರಲಿಲ್ಲ. ಬುಧವಾರವೂ ಇಲ್ಲ. ಎರಡು ವಾರದಲ್ಲಿ ಹಿಂದಿನ ಗಾಜಿಗೆ ದಪ್ಪಗೆ ಪಾಚಿ ಕಟ್ಟಿತು, ಕರಿ ಬಟ್ಟೆ ಗಿರಾಕಿಗಳ ಕೊರಳಿಗೆ ಮರಳಿತು. ಬಿಸ್ಕತ್ತಿನ ಬಾಲ ಚಿಗುರಿತು. ಪೈಲ್ವಾನನಂತೂ ಪರಮ ಸಾಧು. ಹೆಂಡತಿಯ ಫೋನಿನಲ್ಲಿ ಮಗಳು "ಅಪ್ಪ ಹೇಗಿದಾರೆ?" ಎಂದು ಕೇಳುವುದು, ಇವಳು "ಇದಾರೆ, ಅವ್ರಿಗೇನು" ಎನ್ನುವುದು ಅವನ ಕಿವಿಗೆ ಬಿತ್ತು. ಎರಡು ತಿಂಗಳು ಮೀನಿಗೆ ಬೈದು ಬೈದು ಬದುಕಿದ್ದವನಿಗೆ ಈ ಶಾಂತಿ ಸಹಿಸಲಾಗದಾಯಿತು.

ಮೂರನೇ ಬುಧವಾರ ಹನ್ನೊಂದಕ್ಕೆ ಐದು ನಿಮಿಷವಿತ್ತು. ಮೇಷ್ಟ್ರ ಒಂದು ಕೆನ್ನೆ ಬೋಳಿಸಿ, ಇನ್ನೊಂದು ಕೆನ್ನೆಯ ಸೋಪನ್ನು ಹಾಗೇ ಬಿಟ್ಟು ಯಜಮಾನ ತೋಳು ಮಡಚಿದ. ಹಳೇ ಬ್ಲೇಡು ಹಿಡಿದು ತೊಟ್ಟಿಯೊಳಗೆ ಕೈ ಇಳಿಸಿದ. ಹಿಂದಿನ ಗಾಜಿನಲ್ಲಿ ಒಂದು ಉಗುರಿನಷ್ಟು ಕೆರೆದ. ಸ್ವಲ್ಪ ಜಗಳವಾಗಲಿ. ಸ್ವಲ್ಪ, ಒಂದು ಫೋನಿಗೆ ಸಾಕಾಗುವಷ್ಟು.

ಪೈಲ್ವಾನ ಆ ಕಿಂಡಿಯ ಹತ್ತಿರ ಬಂದ. ರೆಕ್ಕೆ ಮೆಲ್ಲಗೆ ನಿಗುರಿತು. ಬಿಸ್ಕತ್ತು ಅದನ್ನು ನೋಡಿದ್ದೇ ಕಲ್ಲಿನ ಹಿಂದೆ ಸರಿಯಿತು. ಯಜಮಾನ ತಲೆ ಎತ್ತಿದ. ದೊಡ್ಡ ಕನ್ನಡಿಯಲ್ಲಿ ಮೊಳಕೈವರೆಗೆ ನೀರಿನಲ್ಲಿ ಕೈ ಅದ್ದಿ, ಬ್ಲೇಡು ಹಿಡಿದು ನಿಂತ ಮುದುಕನೊಬ್ಬ ಕಂಡ.

"ಥೂ ನಿನ್ನ!" ಎಂದು ಅವನಿಗೆ ಬೈದ.

ಕೈ ಒರೆಸಿಕೊಂಡು, ಮೇಷ್ಟ್ರ ಕೊರಳಿನ ಕರಿ ಬಟ್ಟೆಯನ್ನು ಎಳೆದು ಕಿಂಡಿಗೆ ಮರೆಯಾಗುವಂತೆ ಸಿಕ್ಕಿಸಿ, ಫೋನು ತೆಗೆದ. ಮಗಳ ಹೆಸರನ್ನು ಹುಡುಕಿಯೇ ಒತ್ತಬೇಕಾಯಿತು, ಅವನಾಗಿ ಎಂದೂ ಮಾಡಿರಲಿಲ್ಲ.

"ಏನಪ್ಪಾ? ಬಿಸ್ಕತ್ತಿಗೆ ಏನಾಯ್ತು?" ಮಗಳ ದನಿ ಗಾಬರಿಯಾಗಿತ್ತು.

"ಏನೂ ಆಗಿಲ್ಲ. ಎರಡೂ ಚೆನ್ನಾಗಿವೆ."

"ಪಾಚಿ?"

"ಅದೂ ಚೆನ್ನಾಗಿದೆ."

"ಮತ್ತೆ?"

"ಸೋಪು ಒಣಗ್ತಾ ಇದೆ ಕಣಯ್ಯಾ" ಎಂದು ಮೇಷ್ಟ್ರು ಕುರ್ಚಿಯಿಂದಲೇ ಗೊಣಗಿದರು.

"ಮತ್ತೇನಿಲ್ಲ. ಹನ್ನೊಂದು ಗಂಟೆ ಆಯ್ತಲ್ಲ" ಎಂದ ಯಜಮಾನ. "ಅದಕ್ಕೇ ಮಾಡ್ದೆ."

ಆ ಕಡೆ ಲ್ಯಾಬಿನ ಯಂತ್ರವೊಂದು ಗುಂಯ್‌ಗುಡುವುದು ಕೇಳಿಸಿತು. ಆಮೇಲೆ ಕುರ್ಚಿ ಎಳೆದ ಸದ್ದು.

"ಇರಪ್ಪಾ, ಟೀ ತಗೊಂಡು ಕೂತ್ಕೋತೀನಿ" ಎಂದಳು ಮಗಳು.

ಯಜಮಾನ ಮೇಷ್ಟ್ರ ಕೆನ್ನೆಗೆ ಇನ್ನೊಂದು ಸುತ್ತು ಸೋಪು ಬಳಿದು, ಮೂರನೇ ಕುರ್ಚಿಯಲ್ಲಿ ಕೂತ.