ಹಳಿಯ ಕೊನೆಯ ತುಂಡು

ಸುಟ್ಟ ಎಲಾಸ್ಟಿಕ್ಕಿನ ವಾಸನೆ, ಅಲ್ಲ, ಎಲಾಸ್ಟಿಕ್ಕು ಇಲ್ಲೆಲ್ಲಿಂದ ಬರಬೇಕು, ಅದು ಬಟ್ಟೆ ಫ್ಯಾಕ್ಟರಿ, ಇದು ಮನೆ, ಇವತ್ತು ಭಾನುವಾರ, ಸುಟ್ಟಿದ್ದು ವೈರಿನ ಸಿಪ್ಪೆ, ಸೋಲ್ಡರಿಂಗ್ ಐರನ್ನು ತಗುಲಿ ಹಳದಿ ವೈರು ಮೇಣದ ಹಾಗೆ ಇಳಿದುಹೋಗಿದೆ, ಜೊತೆಗೆ ನನ್ನ ಹೆಬ್ಬೆರಳೂ ಒಂಚೂರು — ಇರಲಿ, ಹೆಬ್ಬೆರಳಿಗೆ ಆಮೇಲೆ ಅಳೋಣ, ಈಗ ನಾಬು ತಿರುಗಿಸು, ಮೆಲ್ಲಗೆ, ಆಟದ ರೈಲಿನ ಇಂಜಿನ್ನಿನ ಮೂತಿಯನ್ನೇ ನೋಡುತ್ತಾ, ಹೊರಡು ತಾಯಿ, ಒಂದು ಗೇಣು ಹೋಗು ಸಾಕು — ಕೆಂಪು ದೀಪ. ಕರೆಂಟಿನ ಡಬ್ಬಿಯ ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಕೆಂಪು ದೀಪ, ಅದು ಹತ್ತಿತೆಂದರೆ ರೈಲು ಸತ್ತ ಹಾಗೆ, ನಿನ್ನೆಯಿಂದ ಎಷ್ಟು ಸಲ ಹತ್ತಿದೆ ಅಂತ ಲೆಕ್ಕ ಬಿಟ್ಟಿದ್ದೇನೆ, ಗಂಟೆ ಎರಡೂ ಮುಕ್ಕಾಲು, ನಾಲ್ಕಕ್ಕೆ ಅತ್ತಿಗೆ ಬರುತ್ತಾರೆ, ಗುಂಡಿಯನ್ನು ಕರೆದುಕೊಂಡು, ಹುಟ್ಟಿದಾಗ ಮೂಗು ಅಂಗಿಯ ಗುಂಡಿಯಷ್ಟೇ ಇತ್ತು ಅಂತ ನಾನು ಕರೆದದ್ದು, ಹಾಗೇ ನಿಂತುಬಿಟ್ಟಿತು, ಈಗ ನನ್ನ ಮಗಳಿಗೆ ಒಂಬತ್ತು ವರ್ಷ, ಏಳು ವಾರದಿಂದ ಅತ್ತಿಗೆಯ ಮನೆಯಲ್ಲಿದ್ದಾಳೆ, ನಾಳೆ ಶಾಲೆ ಶುರು, ಇಲ್ಲಿನ ಶಾಲೆಯೋ ಅಲ್ಲಿನದೋ ಇವತ್ತೇ ತೀರ್ಮಾನ ಆಗಬೇಕು. ಎರಡು ವಾರದ ಹಿಂದೆ ಅತ್ತಿಗೆ ಫೋನಿನಲ್ಲಿ ಸುತ್ತಿ ಬಳಸಿ ಮಾತಾಡಲಿಲ್ಲ, ನೋಡಮ್ಮ, ನಾನು ಕಿತ್ಕೊಳ್ಳೋಳೂ ಅಲ್ಲ, ತಳ್ಳೋಳೂ ಅಲ್ಲ, ಮಗು ಎಲ್ಲಿರ್ತೀನಿ ಅನ್ನುತ್ತೋ ಅಲ್ಲಿರಲಿ, ಆಮೇಲೆ ನೀನೂ ಅಳಬಾರದು, ನಾನೂ ಅಳಬಾರದು. ಕೆಟ್ಟವರಲ್ಲ, ಕೆಟ್ಟವರಾಗಿದ್ದಿದ್ದರೆ ಎಷ್ಟು ಸುಲಭವಿತ್ತು, ಅವರ ತಮ್ಮ, ನನ್ನ ಗಂಡ, ನಮ್ಮನ್ನು ಬಿಟ್ಟು ಹೋದ ಮೇಲೂ ಈ ಅಕ್ಕ ಬಿಟ್ಟು ಹೋಗಲಿಲ್ಲ. ಗುಂಡಿ ಫೋನು ಇಸಕೊಂಡು ಕೇಳಿದ್ದು ಒಂದೇ, ರೈಲು ಆಯ್ತಾ ಅಮ್ಮ. ಆಯ್ತು ಕಣೇ. ತಿರುಗಿ ಬರುತ್ತಾ. ಬರುತ್ತೆ. ಕೈಯಲ್ಲಿ ಎತ್ತಿ ತಿರುಗಿಸೋದಲ್ಲ ತಾನೆ. ಅಯ್ಯೋ ಇಲ್ಲ ಕಣೇ, ಹೋದ ಹಾಗೇ ಬರುತ್ತೆ, ಅಂದೆ, ಆಗ ಹಳಿಯ ಪೆಟ್ಟಿಗೆಯನ್ನೇ ಬಿಚ್ಚಿರಲಿಲ್ಲ ನಾನು.

ಬಾಗಿಲ ಮೇಲೆ ಕಟ್ಟಿದ್ದೇನೆ, ಒಳಕೋಣೆಯ ಬಾಗಿಲು, ಇಷ್ಟು ಅಗಲದ ಸಪಾಟು ಹಲಗೆ ಮನೆಯಲ್ಲಿ ಬೇರೆ ಇರಲಿಲ್ಲ, ಕೀಲು ಬಿಚ್ಚಿ, ಒಂದು ತುದಿ ಹೊಲಿಗೆ ಮಿಷನ್ನಿನ ಮೇಲೆ, ಇನ್ನೊಂದು ತುದಿ ಮಂಚದ ಮೇಲೆ, ಹಿಡಿ ಇದ್ದ ತೂತಿನಿಂದಲೇ ವೈರುಗಳನ್ನು ಕೆಳಗೆ ಬಿಟ್ಟಿದ್ದೇನೆ, ಹೋದ ವಾರ ಅತ್ತಿಗೆ ಬಂದವರು ನೋಡಿ ನಕ್ಕರು, ಇದೇನೇ ಬಾಗಿಲನ್ನ ಮಲಗಿಸಿಬಿಟ್ಟಿದ್ದೀಯ, ಜ್ವರಾನಾ ಅದಕ್ಕೆ. ಆಮೇಲೆ ಹಳಿಯ ಆಕಾರ ನೋಡಿ, ಯಾಕಿಷ್ಟು ಕಷ್ಟ, ಸುಮ್ಮನೆ ಒಂದು ರೌಂಡ್ ಹಾಕಿಬಿಡು, ಎಲ್ಲ ಮಕ್ಕಳ ರೈಲೂ ರೌಂಡೇ ಹೋಗೋದು. ನಿಜ, ಪೆಟ್ಟಿಗೆಯ ಮೇಲಿನ ಚಿತ್ರವೂ ಅದೇ, ರೌಂಡ್ ಹಾಕಿದ್ದರೆ ಮೊದಲ ದಿನವೇ ಓಡುತ್ತಿತ್ತು, ಈಗಲೂ ಅರ್ಧ ಗಂಟೆ ಸಾಕು, ಎಲ್ಲ ಕಿತ್ತು ರೌಂಡ್ — ಆದರೆ ಗುಂಡಿ ಬರೆದಿದ್ದು ರೌಂಡ್ ಅಲ್ಲ. ಸೌಟಿನ ಹಾಗೆ ಬರೆದಿದ್ದಾಳೆ, ಈ ತುದಿಯಲ್ಲಿ ಮನೆ, ಅಲ್ಲಿಂದ ನೇರ ಉದ್ದಕ್ಕೆ ಹಿಡಿ, ಆ ತುದಿಯಲ್ಲಿ ಸೌಟಿನ ಬಾಯಿ, ಅದರ ಮಧ್ಯ ಅಮ್ಮನ ಫ್ಯಾಕ್ಟರಿ, ರೈಲು ಹೋಗಿ, ಫ್ಯಾಕ್ಟರಿ ಸುತ್ತಿ, ಅದೇ ಹಿಡಿಯ ಮೇಲೆ ವಾಪಸ್ಸು, ಮನೆ. ರೌಂಡ್ ಬೇಡಮ್ಮ, ರೌಂಡಲ್ಲಿ ಸುಮ್ಮನೆ ಸುತ್ತುತ್ತೆ, ಯಾವಾಗ ಮನೆಗೆ ಬಂತು ಅಂತ ಗೊತ್ತೇ ಆಗಲ್ಲ. ಆ ಚಿತ್ರ ಇಲ್ಲೇ ಗೋಡೆಗೆ ಸೂಜಿ ಚುಚ್ಚಿ ಸಿಕ್ಕಿಸಿದೆ, ಅಂಗಿಯ ತೋಳಿನ ಅಳತೆ ಕತ್ತರಿಸಿ ಮಿಕ್ಕ ಖಾಕಿ ಕಾಗದದ ಹಿಂಬದಿ, ಅಂಚಿನಲ್ಲಿ ಒಂದು ಚಪ್ಪಲಿ ಗುರುತು, ನನ್ನ ಚಪ್ಪಲಿ — ನೋಡಬೇಡ ಅದನ್ನ ಈಗ, ವೈರು ನೋಡು.

ನೋಡಬೇಡ ಅಂದರೆ ನಿಲ್ಲುತ್ತಾ, ಆವತ್ತು ರಜೆಯ ದಿನ, ಶಾಲೆಯಿಲ್ಲ, ನನಗೆ ಡ್ಯೂಟಿ, ಕೆಳಗಿನ ಮನೆಯವರು ಊರಲ್ಲಿರಲಿಲ್ಲ, ಒಲೆ ಮುಟ್ಟಬೇಡ, ಯಾರು ಬಡಿದರೂ ತೆಗೀಬೇಡ, ಅಯ್ಯೋ ನಾನೆಲ್ಲಿ ತೆಗೀಲಿ ಅಮ್ಮ, ನೀನು ಹೊರಗಡೆಯಿಂದ ಬೀಗ ಹಾಕ್ತೀಯಲ್ಲ, ಅಂತ ನಕ್ಕಳು, ನಾನೂ ನಕ್ಕೆ, ಐದಕ್ಕೆ ಬಿಟ್ಟ ತಕ್ಷಣ ಬಂದುಬಿಡ್ತೀನಿ. ಐದಕ್ಕೆ ಸೂಪರ್‌ವೈಸರ್ ಬಾಗಿಲಲ್ಲಿ ನಿಂತ, ಲಾರಿ ಬಂದಿದೆ, ಮಾಲು ಮುಗಿಯೋವರೆಗೂ ಯಾರೂ ಏಳಬೇಡಿ, ನಾನು ಏಳಲಿಲ್ಲ, ಮಗು ಒಳಗಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ, ಬೀಗ ಹಾಕಿ ಬಂದಿದ್ದೀನಿ ಅನ್ನೋಕೆ ನಾಚಿಕೆ ಆಯಿತು, ನಾಚಿಕೆ, ಅಷ್ಟೇ, ಮೂರು ಗಂಟೆ ಎಲಾಸ್ಟಿಕ್ಕು ಕೂಡಿಸುತ್ತಾ ಕೂತೆ ನಾಚಿಕೆಪಟ್ಟುಕೊಂಡು. ಮನೆಗೆ ಬಂದಾಗ ಎಂಟೂವರೆ, ಬೀದಿಗೆ ಬೀದಿಯೇ ಕರೆಂಟಿಲ್ಲ, ಮೆಟ್ಟಿಲು ಕತ್ತಲು, ಒಳಗೆ ಸದ್ದಿಲ್ಲ, ಬೀಗ ತಡಕುತ್ತಾ ಒಂದು ಹೆಜ್ಜೆ ಮುಂದಿಟ್ಟೆ, ಕಾಲ ಕೆಳಗೆ ಏನೋ ಮೆತ್ತಗೆ, ಕಾಗದದ ಜೊತೆ ಏನೋ. ಬಾಗಿಲ ಕೆಳಗಿನ ಸಂದಿಯಲ್ಲಿ ನಾಲ್ಕು ಬೆರಳು. ಚಿತ್ರ ಹೊರಗೆ ತಳ್ಳಿ ಬೆರಳು ಅಲ್ಲೇ ಇಟ್ಟುಕೊಂಡು ಕೂತಿದ್ದಳು, ಗಾಳಿ ಬರುತ್ತೆ ಅಂತಂತೆ, ಮೆಟ್ಟಿಲ ಸದ್ದು ಬೆರಳಿಗೆ ಗೊತ್ತಾಗುತ್ತೆ ಅಂತಂತೆ, ಆಮೇಲೆ ಹೇಳಿದ್ದು. ಆಗ ಹೇಳಿದ್ದು ಒಂದೇ ಮಾತು, ಅಮ್ಮ, ನಾನು ಕಿರುಚಲಿಲ್ಲ. ಉಂಗುರ ಬೆರಳಿನ ಉಗುರು ಬೆಳಗಾಗುವಷ್ಟರಲ್ಲಿ ಕಪ್ಪಾಗಿತ್ತು, ಅತ್ತಿಗೆ ಬಂದು ಅದನ್ನು ನೋಡಿದರು, ನನ್ನನ್ನೂ ನೋಡಿದರು, ಎರಡು ಫ್ರಾಕು ಮಡಚಿ ಚೀಲಕ್ಕೆ ಹಾಕಿಕೊಂಡರು.

ಮೂರು ಗಂಟೆ. ಮೂರೂ ಐದು. ಎಲ್ಲ ಬಿಚ್ಚಿ ನೋಡಿದ್ದೀನಿ, ವೈರಿನ ಎಳೆ ಎಳೆ ನೋಡಿದ್ದೀನಿ, ಫ್ಯಾಕ್ಟರಿಯ ಮಿಷನ್ ಮೆಕ್ಯಾನಿಕ್ಕಿಗೆ ನಿನ್ನೆ ಫೋನು ಮಾಡಿದಾಗ, ಅಕ್ಕ, ಕೆಂಪು ಹತ್ತುತ್ತೆ ಅಂದ್ರೆ ಪ್ಲಸ್ಸು ಮೈನಸ್ಸು ಎಲ್ಲೋ ಮುಟ್ಟಿಕೊಳ್ತಿದೆ, ಎಲ್ಲಿ ಅಂತ ನೀವೇ ಹುಡುಕಬೇಕು, ನಾನು ಇಲ್ಲಿಂದ ಮೂಸಿ ನೋಡೋಕಾಗುತ್ತಾ ಅಂದ, ಎಡಗಡೆ ಹಳಿಗೆ ಕಪ್ಪು ವೈರು, ಬಲಗಡೆ ಹಳಿಗೆ ಹಳದಿ, ಎಲ್ಲೂ ಮುಟ್ಟಿಲ್ಲ, ನೇರ ಹಳಿಯ ಮೇಲೆ ಚೆನ್ನಾಗಿ ಓಡಿತು, ಸೌಟಿನ ಬಾಯಿ ಮುಕ್ಕಾಲು ಭಾಗ ಜೋಡಿಸಿದಾಗಲೂ ಓಡಿತು, ಕೊನೆಯ ತುಂಡು ಒತ್ತಿ ಕೂಡಿಸಿದೆ ನೋಡು, ಕ್ಲಿಕ್ ಅಂತು, ಕೆಂಪು. ಕೊನೆಯ ತುಂಡು ತೆಗೆದರೆ ದೀಪ ಆರುತ್ತೆ, ಹಾಕಿದರೆ ಹತ್ತುತ್ತೆ. ತುಂಡೇ ಕೆಟ್ಟಿರಬೇಕು ಅಂತ ಬೇರೆ ಹಾಕಿದೆ, ಅದೂ ಕೆಂಪು. ಸೀಮೆಸುಣ್ಣ, ಬಟ್ಟೆ ಗುರುತಿನ ನೀಲಿ ಸುಣ್ಣ ತಗೋ, ಬಲಗಡೆ ಹಳಿಯ ಪಕ್ಕೆಗೆ ಎಳೀತಾ ಹೋಗು, ಮನೆಯಿಂದ ಶುರು, ಹಿಡಿಯುದ್ದಕ್ಕೆ, ಹಿಡಿ ಬಾಯಿಗೆ ಸೇರುವ ಕವಲು ದಾಟಿ, ಬಾಯಿಯ ಹೊರಸುತ್ತು, ಹೀಗೇ ಬಂದು, ಹೀಗೇ ಬಂದು, ಕೊನೆಯ ತುಂಡು, ಮತ್ತೆ ಕವಲು, ನೀಲಿ ಬಂದು ನಿಂತಿದ್ದು ಎಲ್ಲಿ, ಸುಣ್ಣವಿಲ್ಲದ ಹಳಿಯ ತಲೆಗೆ. ಬಲಗಡೆಯದು ಸುತ್ತಿ ಬಂದು ಎಡಗಡೆಯದನ್ನು ಮುಟ್ಟಿದೆ. ಅಯ್ಯೋ ದೇವರೇ, ಇದು ಮುರಿಬಿದ್ದ ಎಲಾಸ್ಟಿಕ್ಕು. ಹೊಸ ಹುಡುಗೀರು ಮಾಡೋ ತಪ್ಪು, ಸೊಂಟದ ಪಟ್ಟಿಯನ್ನು ಒಂದು ಮುರಿ ಬಿದ್ದಿರೋದು ನೋಡದೆ ಕೂಡಿಸಿಬಿಡ್ತಾರೆ, ಒಳಮೈ ಹೋಗಿ ಹೊರಮೈಗೆ ಸೇರುತ್ತೆ, ಎಷ್ಟು ಎಳೆದರೂ ನೇರ ಆಗಲ್ಲ, ಚೆಕಿಂಗ್ ಅಕ್ಕ ಮುಖಕ್ಕೆ ಎಸೆದು ಹೇಳೋದು ಒಂದೇ, ಬಿಚ್ಚು. ಹದಿನಾಲ್ಕು ವರ್ಷ ಎಲಾಸ್ಟಿಕ್ಕು ಕೂಡಿಸಿದ್ದೀನಿ, ನನ್ನ ಕಣ್ಣಿಗೆ ಬೀಳಲಿಲ್ಲ. ತಪ್ಪು ವೈರಿನಲ್ಲಿಲ್ಲ, ಆಕಾರದಲ್ಲೇ ಇದೆ, ಗುಂಡಿಯ ಚಿತ್ರದಲ್ಲಿ, ಹೋದ ದಾರಿಯಲ್ಲೇ ವಾಪಸ್ಸು ಬಾ ಅಂದರೆ ಹಳಿ ತನಗೆ ತಾನೇ ಅಡ್ಡ ಬರುತ್ತೆ.

ಮೆಕ್ಯಾನಿಕ್ಕಿಗೆ ಮತ್ತೆ ಫೋನು ಮಾಡಿದೆ, ಊಟದ ಬಾಯಲ್ಲೇ ಎತ್ತಿದ, ಹಾಗಾದ್ರೆ ಅಕ್ಕ ಸುತ್ತನ್ನ ಎರಡೂ ಕಡೆ ಕತ್ತರಿಸಿ ಬೇರೆ ಮಾಡಿ, ಸುತ್ತಿನ ಹಳಿಗೆ ಕರೆಂಟಿನ ಡಬ್ಬಿಯಿಂದ ನೇರ ಕರೆಂಟು, ಹಿಡಿಗೆ ನಾನು ಕೊಟ್ಟಿದ್ದೆನಲ್ಲ ಪ್ಲಸ್ಸು ಮೈನಸ್ಸು ಅದಲುಬದಲು ಮಾಡೋ ಆರು ಕಾಲಿನ ಸ್ವಿಚ್ಚು, ಅದರ ಮೂಲಕ, ರೈಲು ಸುತ್ತಿನೊಳಗೆ ಇರೋವಾಗಲೇ ಸ್ವಿಚ್ಚು ಆ ಕಡೆ ಹಾಕಬೇಕು, ಲೇಟಾದ್ರೆ ಬಾಯಲ್ಲೇ ನಿಲ್ಲುತ್ತೆ. ಕತ್ತರಿಸದೆ ಆಗಲ್ವಾ. ಆಗಲ್ಲ ಅಕ್ಕ. ಗರಗಸದ ಬ್ಲೇಡು ಬರಿಗೈಯಲ್ಲಿ, ನಾಲ್ಕು ಕಡೆ ಕುಯ್ಯಬೇಕು, ಒಂದು, ಕಿರ್ ಅನ್ನುತ್ತೆ, ಎರಡು, ಬೆರಳಿನ ಸಂದಿಯಲ್ಲಿ ರಕ್ತ, ಒರೆಸು, ಮೂರು, ಕುಯ್ದ ಸಂದಿ ಮತ್ತೆ ಮುಟ್ಟಿಕೊಳ್ಳಬಾರದು ಅಂತ ಅಂಗಿಯ ಕಾಲರಿಗೆ ಹಾಕುವ ಪ್ಲಾಸ್ಟಿಕ್ ಪಟ್ಟಿಯ ಚೂರು ತುರುಕಿದೆ, ನಾಲ್ಕು, ಸ್ವಿಚ್ಚಿಗೆ ಕಪ್ಪು ಹಳದಿ ಅಡ್ಡಡ್ಡ, ಸೀಸ ಕರಗಲಿ, ಕರಗು, ಮೂರೂ ನಲವತ್ತು, ಗಾಳಿಗೆ ಹೊರಬಾಗಿಲು ದಡಾರ್ ಅಂತು, ಹಲಗೆ ಅಲುಗಿ ಇಂಜಿನ್ನು ಹಳಿ ತಪ್ಪಿತು, ಹಾಳಾದ್ದು ಈ ಬಾಗಿಲು, ಎದ್ದು ಹೋಗಿ ಬಂದೆ, ಕೂರಿಸು, ಆರೂ ಚಕ್ರ ಕೂರಿಸು. ನಾಬು. ಕೆಂಪಿಲ್ಲ. ಕೆಂಪಿಲ್ಲ, ಹೊರಟಿತು, ಎರಡು ಬೋಗಿ ಎಳೆದುಕೊಂಡು, ಕಿಟಿಕಿಟಿ ಅಂತ ಹಿಡಿಯುದ್ದಕ್ಕೂ, ಮುಂದಿನ ದೀಪ ಹತ್ತಿಸಿಕೊಂಡು, ಸುತ್ತಿನೊಳಗೆ ಹೋಯಿತು, ಫ್ಯಾಕ್ಟರಿ ಸುತ್ತಿತು, ನಾನು ನೋಡುತ್ತಾ ನಿಂತೆ, ನೋಡುತ್ತಾ, ಸ್ವಿಚ್ಚು — ಬಾಯಲ್ಲೇ ನಿಂತಿತು, ಕೆಂಪು. ಪೆದ್ದಿ. ಇನ್ನೊಂದು ಸಲ. ಅವಳು ಬಂದಾಗ ಸ್ವಿಚ್ಚು ಅವಳ ಕೈಗೇ ಕೊಡ್ತೀನಿ, ನೀನು ಹಾಕಿದರೆ ಬರುತ್ತೆ ಕಣೇ ಅಂತೀನಿ, ಬೀಗದ ಕೈಯನ್ನೂ ಕೊಡ್ತೀನಿ, ಸೂಪರ್‌ವೈಸರಿಗೆ ಹೇಳಿ ಆಗಿದೆ, ಐದರ ಮೇಲೆ ಒಂದು ನಿಮಿಷ ಕೂರಲ್ಲ, ಬೇಕಾದ್ದು ಮಾಡ್ಕೊಳ್ಳಿ, ಇದನ್ನೆಲ್ಲ ಅವಳಿಗೆ ಹೇಳೋದು ಹೇಗೆ, ಹೇಳಿದರೆ ಆಯ್ತು ಅಮ್ಮ ಅಂದುಬಿಡ್ತಾಳೆ, ಅವಳು ಎಲ್ಲದಕ್ಕೂ ಆಯ್ತು ಅಮ್ಮ ಅನ್ನೋ ಮಗು, ನೋಡಬೇಕು ಅವಳು, ಹೋಗಿದ್ದು ಬಂದಿದ್ದನ್ನು ಕಣ್ಣಿಂದ ನೋಡಬೇಕು. ಹಿಂದಕ್ಕಿಡು, ನಾಬು, ಹೊರಟಿತು, ಮೆಟ್ಟಿಲಲ್ಲಿ ಸದ್ದು, ಇನ್ನೂ ಹತ್ತು ನಿಮಿಷ ಇದೆಯಲ್ಲ, ಕೆಳಗಿನಿಂದ ಅತ್ತಿಗೆಯ ಗಂಟಲು, ನಿಧಾನ ಕಣೇ, ನನ್ನ ಮಂಡಿ ಬರಬೇಡ್ವಾ, ಮುಂದೆ ದಡದಡ ಚಿಕ್ಕ ಹೆಜ್ಜೆ, ರೈಲು ಸುತ್ತಿನೊಳಗೆ, ನನ್ನ ಕೈ ಸ್ವಿಚ್ಚಿನ ಮೇಲೆ, ಈಗ, ಈಗ ಹಾಕು, ಹಾಕಿದೆ, ಬಾಯಿ ದಾಟಿತು, ಬರ್ತಾ ಇದೆ, ಮೂತಿ ಈ ಕಡೆ, ಮನೆ ಕಡೆ, ಬಾರೇ ಗುಂಡಿ, ನೋಡು ಬಾ, ಹೆಜ್ಜೆ ಬಾಗಿಲ ಹೊರಗೆ ನಿಂತಿತು, ಬಾ ಒಳಗೆ, ಬಾಗಿಲು ಒಂಚೂರು ಅಲುಗಿ ನಿಂತಿತು, ಯಾಕೆ ಬರ್ತಿಲ್ಲ, ಚಿಲಕ, ಗಾಳಿಗೆ ಬಡಿಯುತ್ತೆ ಅಂತ ಚಿಲಕ, ಈಗ ತಾನೆ, ನಾನೇ, ಈ ಕೈಯಲ್ಲೇ, ತಟ್ಟು ಕಣೇ, ಕೂಗು, ಒಂದು ಸಲ ಅಮ್ಮಾ ಅಂತ ಕಿರುಚು, ತಟ್ಟುವುದಿಲ್ಲ, ಹೊರಗೆ ಫ್ರಾಕು ಸರಿದ ಸದ್ದು, ನೆಲದಲ್ಲಿ ಕೂತ ಸದ್ದು, ಎದ್ದು ಹೋಗು, ಹೋಗು, ಬಾಗಿಲ ಕೆಳಗೆ, ಬೆಳಕಿನ ಗೆರೆ ಕಡಿದು, ಒಳಗೆ ಬಂದ ನಾಲ್ಕು ಬೆರಳು, ಒಂದರ ಉಗುರು ಅರ್ಧ ಹೊಸದು, ಅರ್ಧ ಇನ್ನೂ ಕಪ್ಪು, ನಾಲ್ಕು ಬೆರಳು