ನೂರಕ್ಕೆ ಎಪ್ಪತ್ತೆರಡು

ಅನಘಳ ಸೋದರಮಾವ ತೀರಿಕೊಂಡ ಎರಡು ತಿಂಗಳಿಗೆ ಮುಂಬಯಿಯಿಂದ ಬಸವೇಶ್ವರನಗರದ ಮನೆಗೆ ಒಂದು ಬಿಸ್ಕತ್ತಿನ ಡಬ್ಬ ಬಂತು. ಒಳಗಿದ್ದದ್ದು ಮಾವ ತೆಗೆದಿದ್ದ, ಅಂಗೈಯಗಲದ ಐದು ಸಿನಿಮಾ ಫಿಲ್ಮ್ ಸುರುಳಿಗಳು. ಒಂದರ ಮೇಲೆ ಮಾವ ತಮ್ಮ ಉರುಟು ಅಕ್ಷರದಲ್ಲಿ ‘ಮಾಗಡಿ, ಭಾವನ ಸ್ಕೂಲು, ೧೯೬೯’ ಎಂದು ಬರೆದಿದ್ದರು.

ಭಾವ ಎಂದರೆ ಅನಘಳ ತಂದೆ ಏಕಾಂತಯ್ಯ. ಮಾಗಡಿಯಲ್ಲಿ ಹನ್ನೊಂದು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಉಳಿದದ್ದು ಎರಡೇ: ‘ಹೂಂ’ ಮತ್ತು ‘ಊಹೂಂ’. ಇಡೀ ಮೈದಾನಕ್ಕೆ ಕೇಳುವಂತೆ ಕೂಗುತ್ತಿದ್ದ ಮನುಷ್ಯ ಈಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಆ ಎರಡರಲ್ಲೇ ದಿನ ಕಳೆಯುತ್ತಿದ್ದರು.

ಮೇ ತಿಂಗಳಲ್ಲಿ ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬುವುದಿತ್ತು. ವಿಜಯನಗರದಲ್ಲಿ ಚಿಕ್ಕದೊಂದು ಹಾಲ್ ಗೊತ್ತು ಮಾಡಿ, ನೆಂಟರನ್ನೂ ಅಪ್ಪನ ಹಳೆಯ ವಿದ್ಯಾರ್ಥಿಗಳನ್ನೂ ಕರೆದು, ಈ ಸಿನಿಮಾ ತೋರಿಸೋಣ ಎಂದು ಅನಘಾ ಮತ್ತು ಅವಳ ಅಣ್ಣ ಚನ್ನವೀರೇಶ್ ತೀರ್ಮಾನಿಸಿದರು. ರಾಜಾಜಿನಗರದ ಸ್ಟುಡಿಯೋ ಒಂದರಲ್ಲಿ ಅನಘಾ ಸುರುಳಿಗಳನ್ನು ಕೊಟ್ಟಳು. ಅವರು ಫಿಲ್ಮಿನ ಒಂದೊಂದೇ ಚೌಕವನ್ನು, ಅಂದರೆ ಫ್ರೇಮನ್ನು, ಸೆರೆಹಿಡಿದು ಡಿಸ್ಕಿಗೆ ಹಾಕಿಕೊಟ್ಟರು. “ಸ್ಪೀಡು ಸ್ವಲ್ಪ ಜಾಸ್ತಿ ಇರತ್ತೆ ಮೇಡಂ, ಎಡಿಟಿಂಗಲ್ಲಿ ಸರಿ ಮಾಡ್ಕೊಬೇಕು” ಎಂದೂ ಹೇಳಿದ್ದರು. ಆ ಮಾತು ಅವಳ ತಲೆಗೆ ಹೋಗಿರಲಿಲ್ಲ.

ಭಾನುವಾರ ಅಣ್ಣನ ಸಂಸಾರ ಬಂದಾಗ ಎಲ್ಲರೂ ಟಿವಿ ಮುಂದೆ ಕೂತರು. ಬಿಳಿ ಚಡ್ಡಿಯ ಹುಡುಗರ ಸಾಲು ಇರುವೆಗಳಂತೆ ಓಡಿತು. ಪಕ್ಕದಲ್ಲಿ ಅಪ್ಪ, ಮೂವತ್ತೇಳು ವರ್ಷದವರು, ಕೀಲಿ ಕೊಟ್ಟ ಬೊಂಬೆಯಂತೆ ಟಕಟಕ ನಡೆದರು. ಸಾಲಿನಲ್ಲಿ ಯಾರೋ ಹೆಜ್ಜೆ ತಪ್ಪಿಸಿದ. ಅಪ್ಪ ಚಂಗನೆ ಹಾರಿ ಅವನ ಕತ್ತಿಗೆ ಒಂದು ಬಿಟ್ಟರು, ಟೋಪಿ ಹಾರಿತು. ಅಣ್ಣನ ಹೆಣ್ಣುಮಕ್ಕಳು ಬಿದ್ದುಬಿದ್ದು ನಕ್ಕರು. ಅಣ್ಣನೂ ನಕ್ಕ, ಅನಘಳೂ ನಕ್ಕಳು.

ಅಪ್ಪ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು.

“ನಿಲ್ಸೇ ಅದನ್ನ” ಎಂದರು ಅಮ್ಮ ಕಮಲಾಕ್ಷಮ್ಮ. “ನಿಮ್ಮಪ್ಪ ಯಾವತ್ತು ಹಂಗೆ ನಡೆದಿದ್ರು? ಅವರು ನಡೆದ್ರೆ ಬೀದಿಲಿ ಜನ ನಿಂತು ನೋಡ್ತಿದ್ರು.”

ಅನಘಾ ವಿಜಯನಗರದ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಆವತ್ತು ಸಂಜೆ ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದಳು. ಅಂಥ ಹಳೆಯ ಕ್ಯಾಮೆರಾ ಸೆಕೆಂಡಿಗೆ ಹದಿನಾರು ಚಿತ್ರ ತೆಗೆಯುತ್ತಿತ್ತು ಎಂದು ಎಲ್ಲೋ ಓದಿದ್ದಳು. ಟಿವಿ ತೋರಿಸುವುದು ಇಪ್ಪತ್ತೈದು. ಅಂದರೆ ವೇಗವನ್ನು ನೂರಕ್ಕೆ ಅರವತ್ತನಾಲ್ಕಕ್ಕೆ ಇಳಿಸಬೇಕು. ಕಂಪ್ಯೂಟರಿನ ಜೊತೆಗೇ ಬಂದಿದ್ದ ಪುಕ್ಕಟೆ ಸಾಫ್ಟ್‌ವೇರನ್ನು ತೆರೆದು ನೋಡಿದಳು. ಅದಕ್ಕೆ ಗೊತ್ತಿದ್ದದ್ದು ಎರಡೇ ವೇಗ, ಅರ್ಧ ಮತ್ತು ದುಪ್ಪಟ್ಟು. ಅರ್ಧಕ್ಕೆ ಇಳಿಸಿದಾಗ ಅಪ್ಪ ಸೊಂಟದುದ್ದ ನೀರಿನಲ್ಲಿ ನಡೆಯುವವರಂತೆ ಕಂಡರು.

ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ಹನುಮೇಶ ಮದುವೆ ವಿಡಿಯೋ ಮಾಡುವವನು. ಅವನನ್ನು ಕೇಳಿದಳು.

“ನಾನು ಕೆಲ್ಸ ಮಾಡೋ ಸಾಫ್ಟ್‌ವೇರನ್ನೇ ಹಾಕ್ಕೊಡ್ತೀನಿ ಬಿಡಿ ಮೇಡಂ. ಪೈರೇಟೆಡ್ ಕಾಪಿ ಇದೆ, ಒಂದು ಪೈಸಾನೂ ಬೇಡ.”

ಹಾಕಿಯೂ ಕೊಟ್ಟ. ಪರದೆಯ ತುಂಬ ಕಿಟಕಿಗಳು, ಗುಂಡಿಗಳು. ಅವಳ ಬಡ ಕಂಪ್ಯೂಟರು ಎರಡು ನಿಮಿಷ ಗುರುಗುಟ್ಟಿ ನಿಂತೇಹೋಯಿತು. ನಿಜ ಹೇಳಬೇಕೆಂದರೆ ಅವಳಿಗೆ ಸಮಾಧಾನವೇ ಆಯಿತು. ಹಿಂದಿನ ತಿಂಗಳಷ್ಟೇ ಕಾಪಿ ಹೊಡೆದ ಇಬ್ಬರು ಹುಡುಗರನ್ನು ಪರೀಕ್ಷೆಯಿಂದ ಎಬ್ಬಿಸಿ ಕಳಿಸಿದ್ದಳು.

“ಹಂಗಾದ್ರೆ ಚಿಕ್ಕದೊಂದು ತಗೊಳ್ಳಿ” ಎಂದ ಹನುಮೇಶ. “ನಿಮಗೆ ಬೇಕಾಗಿರೋದು ಮೂರೇ. ಕತ್ತರಿಸ್ಬೇಕು, ಜೋಡಿಸ್ಬೇಕು, ಸ್ಪೀಡು ನೀವು ಹೇಳಿದಷ್ಟೇ ಆಗ್ಬೇಕು. ಮಿಕ್ಕಿದ್ದೆಲ್ಲ ಮದುವೆ ವಿಡಿಯೋದಲ್ಲಿ ಹೂವಿನೊಳಗೆ ಗಂಡು ಹೆಣ್ಣು ತಿರುಗಿಸೋಕೆ.”

ಅವನು ಹೆಸರು ಬರೆದುಕೊಟ್ಟ ಮೂರನ್ನು ಕಾಲೇಜಿನ ಇಂಟರ್ನೆಟ್ಟಿನಲ್ಲಿ ಇಳಿಸಿಕೊಂಡು ಪರೀಕ್ಷೆ ಮಾಡಿದಳು. ಒಂದು ಅವಳ ಡಿಸ್ಕನ್ನು ಓದಲೇ ಇಲ್ಲ. ಇನ್ನೊಂದರಲ್ಲಿ ವೇಗವನ್ನು ಇಳಿಸಿದರೆ ಚಿತ್ರ ನಡುಗುತ್ತಿತ್ತು. ಮೂರನೆಯದು ಹಿಡಿಸಿತು. ವೇಗ ಎನ್ನುವಲ್ಲಿ ಒಂದು ಖಾಲಿ ಚೌಕ, ಅದರೊಳಗೆ ಬೇಕಾದ ಅಂಕಿ ಬರೆದರಾಯಿತು. ಮೂವತ್ತು ದಿನ ಪುಕ್ಕಟೆ, ಆದರೆ ಚಿತ್ರದ ನಡುಮಧ್ಯೆ, ಅಪ್ಪನ ಎದೆಯ ಮೇಲೇ, ಕಂಪನಿಯ ಹೆಸರು ಅಡ್ಡಲಾಗಿ ಕೂತಿರುತ್ತಿತ್ತು. ಕೊಂಡರೆ ಹೋಗುತ್ತದೆ. ಎರಡು ಸಾವಿರ ಚಿಲ್ಲರೆ. ಕೊಂಡಳು.

ಕಂಪ್ಯೂಟರನ್ನು ನಡುಮನೆಗೆ ತಂದು, ಅಪ್ಪನ ಕುರ್ಚಿಯನ್ನು ಹತ್ತಿರ ಎಳೆದು, ಅರವತ್ತನಾಲ್ಕು ಎಂದು ಬರೆದಳು.

ಹುಡುಗರು ನಡೆದರು. ಅಪ್ಪ ಸ್ವಲ್ಪ ಹೊತ್ತು ನೋಡಿ “ಊಹೂಂ” ಎಂದರು.

“ಲೆಕ್ಕ ಸರಿಯಾಗಿದೆ ಅಪ್ಪ.”

“ಊಹೂಂ.” ಎಡಗೈಯಿಂದ ಕುರ್ಚಿಯ ತೋಳನ್ನು ತಟ್ಟತೊಡಗಿದರು. ಟಪ್, ಟಪ್, ಟಪ್. ಹುಡುಗರ ಕಾಲು ಅಂಗೈಗಿಂತ ಹಿಂದೆ ಬೀಳುತ್ತಿತ್ತು. ಅನಘಾ ಅರವತ್ತೆಂಟು ಮಾಡಿದಳು. ಊಹೂಂ. ಎಪ್ಪತ್ತು. ಅಪ್ಪ ತಟ್ಟುತ್ತಲೇ ಇದ್ದರು. ಎಪ್ಪತ್ತೆರಡು ಎಂದು ಬರೆದಾಗ ಅಂಗೈಯೂ ನಲವತ್ತು ಜೊತೆ ಕಾಲೂ ಒಟ್ಟಿಗೆ ಬಿದ್ದವು. ಮಾವನ ಕ್ಯಾಮೆರಾ ಹದಿನಾರಲ್ಲ, ಹದಿನೆಂಟು ಚಿತ್ರ ತೆಗೆಯುವಂಥದ್ದು. ಮಗಳ ಲೆಕ್ಕಕ್ಕಿಂತ ಡ್ರಿಲ್ ಮೇಷ್ಟ್ರ ಕೈಯೇ ಅದನ್ನು ಸರಿಯಾಗಿ ಹೇಳಿತ್ತು.

“ಲೆಫ್ಟ್” ಎಂದರು ಅಪ್ಪ. “ಲೆಫ್ಟ್. ಲೆಫ್ಟ್ ರೈಟ್ ಲೆಫ್ಟ್.”

ಅಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿಬಂದರು. ಎರಡು ವರ್ಷದಿಂದ ಆ ದನಿ ಕೇಳಿರಲಿಲ್ಲ. ಪರದೆಯ ಮೇಲೆ ಏಕಾಂತಯ್ಯನವರು ಎದೆಯೆತ್ತಿ, ತಮ್ಮದೇ ನಡಿಗೆಯಲ್ಲಿ ನಡೆಯುತ್ತಿದ್ದರು.

ಆಮೇಲೆ ಆ ಏಟು ಬಂತು.

ಸರಿಯಾದ ವೇಗದಲ್ಲಿ ಅದು ನಗುವಂಥದ್ದಾಗಿರಲಿಲ್ಲ. ಕೈ ಹಿಂದಕ್ಕೆ ಹೋಗುವುದು, ಬೀಸಿ ಬರುವುದು ಎರಡೂ ಕಾಣುತ್ತಿದ್ದವು. ಹನ್ನೆರಡು ವರ್ಷದ ಹುಡುಗ ಮುಗ್ಗರಿಸಿದ. ಬಿದ್ದ ಟೋಪಿಯನ್ನು ಎತ್ತಿಕೊಳ್ಳದೆ ನಡೆಯುತ್ತ, ಒಂದು ಕ್ಷಣ ನೇರ ಕ್ಯಾಮೆರಾದ ಕಡೆ ನೋಡಿದ. ಅಪ್ಪನ ಬಾಯಿಂದ ಬರುತ್ತಿದ್ದ ‘ಲೆಫ್ಟ್ ರೈಟ್’ ಅಲ್ಲಿಗೇ ನಿಂತಿತು.

ಮರುದಿನ ಬಂದ ಚನ್ನವೀರೇಶ್ ನೋಡಿ, “ಅದೊಂದನ್ನ ತೆಗೆದುಬಿಡು ಕಣೇ” ಎಂದ. “ಹಳೇ ಸ್ಟೂಡೆಂಟ್ಸೆಲ್ಲ ಬರ್ತಾರೆ. ಐದು ಸೆಕೆಂಡು ಹೋದ್ರೆ ಯಾರಿಗೂ ಗೊತ್ತಾಗಲ್ಲ.”

ಕತ್ತರಿಸಲು ಎರಡು ಸಲ ಒತ್ತಿದರೆ ಸಾಕಿತ್ತು. ಅನಘಾ ಮೌಸಿನ ಮೇಲೆ ಕೈಯಿಟ್ಟಳು. ಅಪ್ಪ ಎಡಗೈ ಚಾಚಿ ಅವಳ ಮಣಿಕಟ್ಟನ್ನು ಹಿಡಿದುಕೊಂಡರು. “ಊಹೂಂ.” ಆಮೇಲೆ ಬಹಳ ಕಷ್ಟಪಟ್ಟು, “ಮು... ಮುನಿ...” ಎಂದರು.

“ಮುನಿರಾಜು ಅಂತ ಆ ಹುಡ್ಗ” ಎಂದರು ಅಮ್ಮ. “ಮನೆಗೆ ಬರ್ತಿದ್ದ, ಚೆಂಡು ತಗೊಂಡು ಹೋಗೋಕೆ. ಆವತ್ತಿಂದ ಬರ್ಲಿಲ್ಲ. ನಿಮ್ಮಪ್ಪ ಆಮೇಲೆ ಎಷ್ಟೋ ಸಲ ಅವನ ಹೆಸರು ತೆಗೀತಿದ್ರು.”

ಏಟು ಉಳಿಯಿತು. ಹಾಲಿನಲ್ಲಿ ಅದು ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ತಕ್ಷಣ ಸುಮ್ಮನಾದರು. ಮುಂದೆ ಕೂತಿದ್ದ ಏಕಾಂತಯ್ಯನವರು ಆಡುವ ಒಂದೇ ಕೈಯನ್ನು ಎದೆಗೆ ತಂದು ಪರದೆಗೆ ನಮಸ್ಕಾರ ಮಾಡಿದ್ದನ್ನು ಎಲ್ಲರೂ ಕಂಡರು. ಊಟವಾದ ಮೇಲೆ ಏಟು ತಿಂದ ಹುಡುಗನ ಗುರುತು ಹಿಡಿದಿದ್ದ ಗೂಳಪ್ಪ ಎನ್ನುವ ಹಳೆಯ ವಿದ್ಯಾರ್ಥಿ ಅನಘಳ ಬಳಿ ಬಂದು, “ಮುನಿರಾಜು ಕೆಂಗೇರೀಲಿ ಟೈರ್ ಅಂಗಡಿ ಇಟ್ಕೊಂಡಿದಾನೆ ಮೇಡಂ” ಎಂದು ನಂಬರು ಕೊಟ್ಟ.

ಫೋನಿನಲ್ಲಿ ಎಲ್ಲವನ್ನೂ ಹೇಳಿದಳು. ಮುನಿರಾಜು “ಭಾನುವಾರ ಬರ್ತೀನಿ” ಎಂದು ಇಟ್ಟುಬಿಟ್ಟರು.

ಬಂದವರು ಐವತ್ತರ ಹತ್ತಿರದ, ದಪ್ಪ ಭುಜದ ಮನುಷ್ಯ. ಮೇಷ್ಟ್ರ ಕಾಲು ಮುಟ್ಟಿ ನಮಸ್ಕರಿಸಿದರು, ಆದರೆ ಮುಖದಲ್ಲಿ ನಗುವಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ನೋಡಿದರು. ಏಟು ಬಂತು, ಹೋಯಿತು. ಅವರ ಕಣ್ಣು ಅಲ್ಲಿರಲೇ ಇಲ್ಲ.

“ಸ್ವಲ್ಪ ಹಿಂದಕ್ಕೆ ಹಾಕಿ ಮೇಡಂ. ನನ್ ಮುಂದೆ ಇದಾನಲ್ಲ, ಅವ್ನು ನಮ್ಮಣ್ಣ ಹನುಮಂತಯ್ಯ.”

ಮುಂದಿನ ಸಾಲಿನಲ್ಲಿ ಎತ್ತರದ ಹುಡುಗನೊಬ್ಬ ನಡೆಯುತ್ತಿದ್ದ. ಈಗ ನೋಡಿದರೆ ಅವನು ಸಣ್ಣಗೆ ಕುಂಟುತ್ತಿದ್ದ.

“ಕಾಲಿಗೆ ಗಾಜು ಚುಚ್ಕೊಂಡಿತ್ತು. ಹೇಳ್ಬೇಡ, ಪೆರೇಡಿಂದ ತೆಗೆದುಬಿಡ್ತಾರೆ ಅಂದಿದ್ದ. ನಾನು ಅವನ ಕಾಲೇ ನೋಡ್ಕೊಂಡು ನಡೀತಿದ್ದೆ ಸಾರ್, ಅದಕ್ಕೆ ಹೆಜ್ಜೆ ತಪ್ತು.” ಮುನಿರಾಜು ಮೊದಲ ಸಲ ಮೇಷ್ಟ್ರ ಕಡೆ ತಿರುಗಿದರು. “ಆ ವರ್ಷ ಮಳೆಗಾಲದಲ್ಲಿ ಜ್ವರ ಬಂದು ಹೋಗ್ಬಿಟ್ಟ. ಮನೇಲಿ ಒಂದು ಫೋಟೋನೂ ಇಲ್ಲ. ನಮ್ಮವ್ವ ಸಾಯೋ ತನಕ, ಅವನ ಮೂಗು ಹೆಂಗಿತ್ತೋ ಅಂತ ಕೇಳೋಳು.”

ಏಕಾಂತಯ್ಯನವರಿಗೆ ಏನೇನೋ ಹೇಳಬೇಕಿತ್ತು, ಬಂದದ್ದು “ಊಹೂಂ, ಊಹೂಂ” ಅಷ್ಟೇ. ಎಡಗೈ ಗಾಳಿಯಲ್ಲಿ ತಡಕಾಡಿತು. ಮುನಿರಾಜು ಅದನ್ನು ಹಿಡಿದುಕೊಂಡು, ತೊಡೆಯ ಮೇಲಿಟ್ಟುಕೊಂಡರು.

“ಇರ್ಲಿ ಬಿಡಿ ಸಾರ್. ನೀವು ಹೊಡೀದೆ ಇದ್ದಿದ್ರೆ ಈ ಸಿನಿಮಾ ತೆಗೆದವರು ಕ್ಯಾಮೆರಾನ ನಮ್ ಮೇಲೆ ಇಷ್ಟ್ ಹೊತ್ತು ಇಡ್ತಿದ್ರೋ ಇಲ್ವೋ.”

ಅಮ್ಮ ತಂದಿಟ್ಟ ಕಾಫಿ ಆರುತ್ತಿತ್ತು. ಅಣ್ಣನ ಫೋಟೋ ಒಂದು ಮಾಡಿಕೊಡಲಾದೀತೇ ಎಂದು ಮುನಿರಾಜು ಕೇಳಿದರು. ಅನಘಾ ಚಿತ್ರವನ್ನು ನಿಲ್ಲಿಸಿ, ಒಂದೊಂದೇ ಚೌಕವನ್ನು ಮುಂದಕ್ಕೆ ಸರಿಸತೊಡಗಿದಳು.

“ಇದ್ರಲ್ಲಿ ಕಣ್ಣು ಮುಚ್ಚಿದಾನೆ” ಎಂದರು ಮುನಿರಾಜು, ಪರದೆಗೆ ಹಣೆ ತಾಗುವಷ್ಟು ಬಗ್ಗಿ. “ಮುಂದಿಂದು ನೋಡಣ.”