ವೇದಾಳ ಸ್ಕೂಟರಿಗೆ ಹಿಮಾಲಯದ ಕ್ಲಚ್ಚು

ಬ್ಯಾಟರಾಯಪ್ಪ ಮೂವತ್ತು ಸಾವಿರ ಅಡಿ ಎತ್ತರದ ಹಿಮಬೆಟ್ಟದ ಮೇಲೆ, ಬಲಗೈಯಲ್ಲಿ ಹಿಮದ ಸ್ಕೂಟರ್ ಓಡಿಸುತ್ತ, ಎಡಗೈಯಲ್ಲಿ ಅದೇ ಸ್ಕೂಟರಿನ ಕ್ಲಚ್ ಬಿಚ್ಚಿ ಹೊಸ ಕಿಟ್ ಕೂರಿಸಿದ್ದ. ಬಾಯಲ್ಲಿ ಬೀಡಿ ಬೇರೆ. ಕಿಟ್ ಕೂತದ್ದೇ ತಡ, ಗಾಡಿ ಎಂಥ ಓಟ ಕಿತ್ತಿತೆಂದರೆ, ಬೆನ್ನಟ್ಟಿ ಬಂದ ಚಳಿಗೆ ಅವನನ್ನು ಮುಟ್ಟಲಾಗಲಿಲ್ಲ. ಅದು ಮಾರನೇ ದಿನ ಮಧ್ಯಾಹ್ನ ಏದುಸಿರು ಬಿಡುತ್ತ ಬಂದು ತಲುಪಿತು. ತುದಿಯಲ್ಲಿ ನಿಂತು ಕೆಳಗೆ ನೋಡಿದರೆ ಎರಡು ವಿಮಾನ ಹೋಗುತ್ತಿದ್ದವು. ಒಂದರ ಪೈಲಟ್ಟು ತಲೆಯೆತ್ತಿ ಇವನಿಗೆ ಕೈ ಬೀಸಿದ.

ಅಬ್ಬಿಗೆರೆಯಲ್ಲಿ, ಒಂದು ಕಾಲಕ್ಕೆ ರಾಗಿ ಹೊಲವಾಗಿದ್ದು ಈಗ ಟೈಲ್ಸ್ ಅಂಗಡಿಗಳ ಸಾಲಾಗಿರುವ ರಸ್ತೆಯ ಕೊನೆಗೆ ಅವನ ಸ್ಕೂಟರ್ ಗ್ಯಾರೇಜು. ಅಲ್ಲಿ ಕೂತು ಈ ಕತೆಯನ್ನು ಅವನು ಹದಿನೆಂಟು ವರ್ಷದಿಂದ ಹೇಳುತ್ತ ಬಂದಿದ್ದ. ಶುರುವಿನಲ್ಲಿ ಅದು ಹನ್ನೆರಡು ಸಾವಿರ ಅಡಿ ಇತ್ತು. ವರ್ಷಕ್ಕೊಂದು ಸಾವಿರದಂತೆ ಬೆಟ್ಟ ಬೆಳೆಯಿತು, ಬ್ಯಾಟರಾಯಪ್ಪ ಮಾತ್ರ ಕುಗ್ಗುತ್ತ ಬಂದ. ಈಗ ಅರವತ್ತೊಂದು. ಬಲಮಂಡಿ ಮಡಚಲು ಒಂದು ನಿಮಿಷ ಬೇಕು, ಬಿಡಿಸಲು ಒಂದು ಗಂಟೆ. ಮೊದಲೆಲ್ಲ ನಿಂತು, ಕೈ ಬೀಸಿ, ಎಂಜಿನ್ನಿನ ಸದ್ದನ್ನು ಬಾಯಲ್ಲೇ ಹೊರಡಿಸಿ ಹೇಳುತ್ತಿದ್ದವನು ಈಗ ಸ್ಟೂಲಿನ ಮೇಲೆ ಕೂತು, ಗೋಡೆಗೆ ತಲೆ ಆನಿಸಿ, ಎರಡು ಆಕಳಿಕೆಗಳ ನಡುವೆ ಹೇಳಿ ಮುಗಿಸುತ್ತಿದ್ದ. ಅವನಿಗೇ ಸಾಕಪ್ಪಾ ಅನಿಸುತ್ತಿತ್ತು. ಆದರೆ ಕೇಳುವವರು ಬಿಡಬೇಕಲ್ಲ.

“ಬ್ಯಾಟಣ್ಣ, ಮೊನ್ನೆ ಒಂದೇ ವಿಮಾನ ಇತ್ತು. ಇವತ್ತು ಎರಡಾಯ್ತಾ?” ಎಂದ ಸುರೇಶ್. ಅವನು ಮನೆಮನೆಗೆ ಊಟ ತಲುಪಿಸುವ ಕೆಲಸದವನು. ಸಂಜೆಯ ಬಿಡುವಿನಲ್ಲಿ ಟೀ ಹಿಡಿದು ಇಲ್ಲಿ ಬಂದು ಕೂರುತ್ತಿದ್ದ.

“ಟ್ರಾಫಿಕ್ ಜಾಸ್ತಿ ಆಗೈತೆ ಮಗಾ. ಅಲ್ಲೂ ಹೆಬ್ಬಾಳದಂಗೇ.”

ವೇದಾ ಬಂದದ್ದು ಆ ಹೊತ್ತಿಗೆ. ಹಿಂದೆ ಎರಡು ಹೆಚ್ಚುವರಿ ಚಕ್ರ ಕಟ್ಟಿಸಿದ ಸ್ಕೂಟರನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ, ಇಳಿಯದೆ ಸೀಟಿನ ಮೇಲೇ ಕೂತು ಮಾತಾಡಿದಳು. ಅವಳ ಎಡಗಾಲಿಗೆ ಚಿಕ್ಕಂದಿನಿಂದ ಬಲವಿಲ್ಲ. ಹೆಬ್ಬಾಳದ ಹತ್ತಿರ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿ ಎರಡು ತಿಂಗಳಾಗಿತ್ತು. ವಿದ್ಯಾರಣ್ಯಪುರದ ಮನೆಯಿಂದ ದಿನಾ ಇದೇ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದಳು. ಆ ಕಟ್ಟಡದ ಪಾರ್ಕಿಂಗು ನೆಲದಡಿ ಎರಡು ಅಂತಸ್ತು ಕೆಳಗೆ. ಬೆಳಗ್ಗೆ ಇಳಿಯುವುದಕ್ಕೆ ತೊಂದರೆಯಿಲ್ಲ. ಸಂಜೆ ಮೇಲೆ ಬರುವಾಗ ಸ್ಕೂಟರು ಅರ್ಧ ರ‍್ಯಾಂಪ್ ಹತ್ತಿ ನಿಂತುಬಿಡುತ್ತಿತ್ತು.

“ದಿನಾ ಇಬ್ರು ಸೆಕ್ಯುರಿಟಿಯವ್ರು ಹಿಂದಿಂದ ತಳ್ತಾರೆ. ಕಾರ್‌ಗಳು ಸಾಲಾಗಿ ನಿಂತು ಹಾರನ್ ಹೊಡೀತವೆ. ನೆನ್ನೆ ಮ್ಯಾನೇಜರ್ ಹೇಳ್ಬಿಟ್ರು, ಇನ್ನೊಂದ್ಸಲ ಹಿಂಗಾದ್ರೆ ಪಾರ್ಕಿಂಗ್ ಪಾಸ್ ವಾಪಸ್ ಅಂತೆ. ಆಮೇಲೆ ಸರ್ವೀಸ್ ರೋಡಲ್ಲಿ ನಿಲ್ಸಿ ಮುಕ್ಕಾಲು ಕಿಲೋಮೀಟರ್ ನಡೀಬೇಕು. ನನ್ ಕೈಲಿ ಆಗಲ್ಲ ಬ್ಯಾಟಣ್ಣ. ಕೆಲಸಾನೇ ಬಿಡ್ಬೇಕಾಗತ್ತೆ.”

ನಾಳೆ ಬಿಚ್ಚಿ ನೋಡೋಣ ಬಿಡಮ್ಮ ಎನ್ನುವುದು ಅವನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಸುರೇಶ್ ಬಾಯಿ ಹಾಕಿದ. “ಏನ್ ಗುರು, ಹಿಮಾಲಯ ಹತ್ತಿಸಿದೋರಿಗೆ ಹೆಬ್ಬಾಳದ ರ‍್ಯಾಂಪ್ ಯಾವ ಲೆಕ್ಕ?”

ಇನ್ನು ಹಿಂದೆ ಸರಿಯುವಂತಿರಲಿಲ್ಲ. ಬ್ಯಾಟರಾಯಪ್ಪ ಗೋಡೆಯಿಂದ ತಲೆ ಎತ್ತಿದ.

“ನೋಡು ವೇದಮ್ಮ, ಇಮದ ಸ್ಕೂಟರೂ ನಿನ್ ಸ್ಕೂಟರೂ ಅಕ್ಕತಂಗೀರು. ಅದಕ್ಕೆ ಚಕ್ರ ಇಲ್ಲ, ಮುಂದೆ ಎರಡು ಹಲಗೆ, ಹಿಂದೆ ರಬ್ಬರ್ ಪಟ್ಟಿ, ಅಷ್ಟೇ ವ್ಯತ್ಯಾಸ. ಎರಡಕ್ಕೂ ಗೇರಿಲ್ಲ. ಒಂದು ಬೆಲ್ಟು, ಒಂದು ಕ್ಲಚ್ಚು, ಎಳೆಯೋದೆಲ್ಲ ಅವೇ. ಬೆಟ್ಟದ ಮೇಲೆ ಗಾಳಿ ತೆಳು, ಇಂಜಿನ್ ಸುಸ್ತಾಗ್ತದೆ. ಅದಕ್ಕೆ ಕಂಪನಿ ಸಾಮಾನು ಬಿಚ್ಚಿ ಬಿಸಾಕಿ ಹೊರಗಡೆ ಸಿಗೋ ಕಿಟ್ ಹಾಕ್ತಾರೆ. ಹಗುರ ರೋಲರ್ರು, ಬಿಗಿ ಸ್ಪ್ರಿಂಗು. ಹಾಕಿದ್ರೆ ಗೋಡೆ ಮೇಲೂ ಹತ್ತಿಸ್ಬೋದು.”

“ಗ್ಯಾರಂಟೀನಾ?”

“ನಂದು ಗ್ಯಾರಂಟಿ. ಈ ಬ್ಯಾಟರಾಯಪ್ಪಂದು.”

ಅವಳು ಫೋನಿನಲ್ಲೇ ಹುಡುಕಿ ತರಿಸಿದ ಕಿಟ್ ನಾಲ್ಕನೇ ದಿನ ಬಂತು. ಡಬ್ಬದ ಮೇಲೆ ಬೆಟ್ಟದ ಚಿತ್ರವಿತ್ತು, ಬೆಟ್ಟದ ಮೇಲೆ ಬೆಂಕಿ ಕಾರುವ ಗಾಡಿಯ ಚಿತ್ರವಿತ್ತು. ಅಲ್ಲಿಯವರೆಗೆ ಆಟೋದಲ್ಲೇ ಕೆಲಸಕ್ಕೆ ಹೋಗುತ್ತಿದ್ದವಳು ಅವತ್ತು ಸ್ಕೂಟರನ್ನು ಗ್ಯಾರೇಜಿನಲ್ಲಿ ಬಿಟ್ಟು ಹೋದಳು. ಬ್ಯಾಟರಾಯಪ್ಪ ಕ್ಲಚ್ಚಿನ ಮುಚ್ಚಳ ಬಿಚ್ಚಿದ. ಒಳಗೆ ಎಷ್ಟು ದೂಳು ತುಂಬಿತ್ತೆಂದರೆ, ಅಳತೆ ಹಿಡಿದು ಕಲ್ಲು ನೆಟ್ಟು ಲೇಔಟ್ ಮಾಡಬಹುದಿತ್ತು. ದೂಳು ಒರೆಸಿದ ಮೇಲೆ ಬೆಲ್ಟು ಕಂಡಿತು. ಗಾಜಿನಂತೆ ನುಣ್ಣಗಾಗಿ, ಅಂಚಿನುದ್ದಕ್ಕೂ ಬಿರುಕು ಬಿಟ್ಟಿತ್ತು.

ಅದನ್ನು ಅವನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಸ್ಕೂಟರು ಹತ್ತದೆ ಇರಲು ಇದೊಂದೇ ಸಾಕಿತ್ತು. ಹೊಸ ಬೆಲ್ಟಿಗೆ ಯಶವಂತಪುರಕ್ಕೆ ಹೋಗಬೇಕು. ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರಬೇಕು. ಮಂಡಿ ಆಗಲೇ ಬೇಡವೆನ್ನುತ್ತಿತ್ತು. ಅದೂ ಅಲ್ಲದೆ, ಬೆಲ್ಟು ಬದಲಾಯಿಸಿದ್ದಕ್ಕೆ ಗಾಡಿ ಹತ್ತಿತು ಎಂದರೆ ಅಷ್ಟು ದೊಡ್ಡ ಹಿಮಾಲಯಕ್ಕೆ ಏನು ಮರ್ಯಾದೆ? ಇನ್ನೊಂದು ತಿಂಗಳು ಬಂದೀತು ಎಂದುಕೊಂಡು ಬೆಲ್ಟನ್ನು ಒರೆಸಿ ಮತ್ತೆ ಹಾಕಿದ. ಹೊಸ ರೋಲರು, ಹೊಸ ಸ್ಪ್ರಿಂಗು ಕೂರಿಸಿ ಮುಚ್ಚಳ ಬಿಗಿದ.

ಸಂಜೆ ಆಟೋದಿಂದಿಳಿದು ಬಂದ ವೇದಾ ಮೊದಲು ಕೇಳಿದ್ದು, “ಓಡಿಸಿ ನೋಡಿದ್ರಾ?”

“ಓಡಿಸೋದೇನು! ಹಿಂದೆ ಎರಡು ಮೂಟೆ ಸಿಮೆಂಟ್ ಹೇರ್ಕೊಂಡು ಬಾಗಲೂರು ಕಡೆ ದಿಬ್ಬ ಏಳು ಸಲ ಹತ್ತಿಸ್ದೆ. ಎಂಟನೇ ಸಲ ಗಾಡಿ ತಾನೇ ಹತ್ತಿ, ಮೇಲೆ ನಂಗೋಸ್ಕರ ಕಾಯ್ತಾ ನಿಂತಿತ್ತು.”

ವೇದಾ ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೇ ಮೊದಲಿರಬೇಕು. ನಗುತ್ತಲೇ ಸ್ಕೂಟರು ಹತ್ತಿ ಹೋದಳು.

ಮಾರನೇ ದಿನ ಸಂಜೆ ಅದೇ ಸ್ಕೂಟರು ಮುಂದಿನ ಮಡ್‌ಗಾರ್ಡ್ ಮುರಿದುಕೊಂಡು ಬಂತು. ವೇದಾಳ ಮೊಣಕೈಗೆ ಹತ್ತಿ ಅಂಟಿಸಿದ್ದರು. ಹಿಂದೆಯೇ ಬಂದ ಆಟೋದಿಂದ ಅವಳ ತಾಯಿ ರಾಧಾಮಣಿ ಇಳಿಯುತ್ತಿದ್ದರು. ಸುರೇಶ್ ಟೀ ಲೋಟ ಕೆಳಗಿಟ್ಟು ಎದ್ದು ನಿಂತ.

“ರ‍್ಯಾಂಪ್ ಮಧ್ಯ ಕಾರ್ಡ್ ತೋರಿಸೋಕೆ ನಿಲ್ಲಿಸ್ಬೇಕು, ಅಲ್ಲೊಂದು ಅಡ್ಡಕೋಲು ಇದೆ,” ಎಂದಳು ವೇದಾ. ಧ್ವನಿ ಏರಿರಲಿಲ್ಲ. “ನಿಲ್ಲಿಸ್ದೆ. ಮತ್ತೆ ಆಕ್ಸಿಲರೇಟರ್ ಕೊಟ್ರೆ ಇಂಜಿನ್ ಕಿರ‍್ಚತ್ತೆ, ಗಾಡಿ ಕದಲಲ್ಲ. ಇನ್ನೊಂಚೂರು ಕೊಟ್ಟೆ. ಒಂದೇ ಸಲ ಎಗರ್ತು. ಅಡ್ಡಕೋಲು ಮುರೀತು. ದಿನಾ ತಳ್ತಿದ್ದ ಅದ್ನಾನ್ ಅಂತ ಸೆಕ್ಯುರಿಟಿ ಪಕ್ಕಕ್ಕೆ ಹಾರ್ದೇ ಇದ್ದಿದ್ರೆ ಅವನ ಮೇಲೇ ಹೋಗ್ತಿತ್ತು. ನಾಳೆ ಬೆಳಗ್ಗೆ ಎಂಟಕ್ಕೆ ಮ್ಯಾನೇಜರ್ ಮುಂದೆ, ಅದೇ ಜಾಗದಲ್ಲಿ ನಿಲ್ಲಿಸಿ, ಹತ್ತಿಸಿ ತೋರಿಸ್ಬೇಕಂತೆ. ಆಗ್ಲಿಲ್ಲಾಂದ್ರೆ ಪಾಸ್ ಇಲ್ಲ.”

“ಯಾರ್ರೀ ಅದು ಮೆಕ್ಯಾನಿಕ್ಕು? ನನ್ ಮಗಳ ಜೀವ ತೆಗೀತಿದ್ರಲ್ರೀ!” ಎನ್ನುತ್ತ ರಾಧಾಮಣಿ ನುಗ್ಗಿ ಬಂದರು. ಸ್ಟೂಲಿನ ಮುಂದೆ ಬಂದವರು ಹಾಗೇ ನಿಂತರು. ಕನ್ನಡಕ ಮೇಲಕ್ಕೆ ಸರಿಸಿದರು. ಕೋಪದ ಮುಖದಲ್ಲಿ ಏನೋ ಗೊಂದಲ ಸುಳಿಯಿತು.

“ಅಯ್ಯೋ, ಅಡುಗೆ ಬ್ಯಾಟಪ್ಪ ಅಲ್ವೇನಪ್ಪಾ ನೀನು?”

ಬ್ಯಾಟರಾಯಪ್ಪ ಪಕ್ಕದಲ್ಲಿದ್ದ ಸ್ಪ್ಯಾನರ್ ಎತ್ತಿಕೊಂಡು ಒರೆಸತೊಡಗಿದ.

“ಯಶವಂತಪುರದಿಂದ ಕಾಶ್ಮೀರಕ್ಕೆ ಟೂರ್ ಬಸ್ ಹೋಗಿತ್ತಲ್ಲ! ನಮ್ ಕಡೆ ಊಟಾನೇ ಬೇಕು ಅಂತ ನಲವತ್ತು ಜನದ ಜೊತೆ ಅಡುಗೆಯವ್ರನ್ನೂ ಬಸ್ಸಲ್ಲೇ ಕೂರಿಸ್ಕೊಂಡು ಹೋಗಿದ್ರು. ವೇದಾ, ನೀನಾಗ ಅಜ್ಜಿ ಮನೇಲಿದ್ದೆ. ಗುಲ್ಮಾರ್ಗ್‌ನಲ್ಲಿ ಈಯಪ್ಪ ಮಾಡಿದ ಉಪ್ಪಿಟ್ಟು ತಟ್ಟೆಗೆ ಬೀಳೋ ಹೊತ್ತಿಗೆ ಇಟ್ಟಿಗೆ ಆಗೋದು. ನಿಮ್ಮಪ್ಪ ಹಲ್ಲು ಮುರ್ಕೊಂಡಿದ್ದು ಅಲ್ಲೇ!”

“ಉಪ್ಪಿಟ್ಟಾ?” ಎಂದ ಸುರೇಶ್. “ಬ್ಯಾಟಣ್ಣ, ಉಪ್ಪಿಟ್ಟಾ?”

“ಅಂಗಲ್ಲ, ಬೆಳಗ್ಗೆ ಹೊತ್ತು ಅಡುಗೆ, ಬಿಡುವಾದಾಗ ಆ ಕಡೆ ಗಾಡಿಗಳ...” ಎಂದು ಬ್ಯಾಟರಾಯಪ್ಪ ಶುರು ಮಾಡಿದ. ಮಾತು ಅರ್ಧಕ್ಕೆ ನಿಂತಿತು. ಅದನ್ನು ಮುಂದಕ್ಕೆ ತಳ್ಳಲು ಅವನಲ್ಲಿ ಕಸುವಿರಲಿಲ್ಲ.

ವೇದಾ ಸ್ಕೂಟರಿನ ಹಿಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. “ಬ್ಯಾಟಣ್ಣ, ಹಿಮಾಲಯದ ವಿಷಯ ಬಿಡಿ. ಅದನ್ನ ಯಾರೂ ನಂಬಿರ್ಲಿಲ್ಲ, ನಾನೂ ನಂಬಿರ್ಲಿಲ್ಲ. ನನ್ ಗಾಡೀನ ದಿಬ್ಬ ಹತ್ತಿಸ್ದೆ ಅಂದ್ರಲ್ಲ, ಅದನ್ನ ನಂಬಿದ್ದೆ. ಏಳು ಸಲ ಬೇಡ. ಒಂದ್ಸಲ ಹತ್ತಿಸಿದ್ರಾ?”

ಅವನು ಅವಳ ಮೊಣಕೈ ನೋಡಿದ. ಹತ್ತಿಯ ಅಂಚಿನಲ್ಲಿ ಸ್ವಲ್ಪ ಕೆಂಪು ಕಾಣುತ್ತಿತ್ತು.

“ಇಲ್ಲ ಕಣಮ್ಮ,” ಎಂದ. “ದಿಬ್ಬಕ್ಕೆ ಓಗ್ಲೇ ಇಲ್ಲ. ಮಂಡಿ ನೋವು. ಇಲ್ಲಿಂದ ಟೀ ಅಂಗಡಿವರ್ಗೂ ಓಗ್ಬಂದೆ, ಸಪಾಟು ರಸ್ತೆ. ಅಲ್ಲೇ ಒಂದ್ಸಲ ಎಗರಿತ್ತು. ಗೊತ್ತಾಯ್ತು ನಂಗೆ. ಸ್ಪ್ರಿಂಗು ಬಿಗಿ, ಇಂಜಿನ್ ಜೋರಾಗಿ ಕೂಗೋವರ್ಗೂ ಕ್ಲಚ್ ಹಿಡಿಯಲ್ಲ, ಹಿಡಿದ್ರೆ ಒಂದೇ ಏಟಿಗೆ ಹಿಡೀತದೆ. ನಿಂತು ಹೊರಡೋ ಜಾಗಕ್ಕೆ ಅದು ಸರಿಯಲ್ಲ. ಮತ್ತೆ ಎಲ್ಲಾ ಬಿಚ್ಚಬೇಕಲ್ಲಾ ಅಂತ ಸುಮ್ನಾದೆ.”

ರಾಧಾಮಣಿ ಬಾಯಿ ತೆರೆದರು. ವೇದಾ ಕೈ ಅಡ್ಡ ಮಾಡಿದಳು.

“ಎಳೆಯೋದು ಬೆಲ್ಟು, ಕ್ಲಚ್ಚು ಅಂದಿದ್ರಲ್ಲ. ಬೆಲ್ಟು ಹೇಗಿದೆ?”

“ಸವೆದೋಗೈತೆ. ಅದನ್ನೂ ನೋಡಿದ್ದೆ. ಯಶವಂತಪುರಕ್ಕೆ ಓಗೋಕೆ ಸೋಮಾರಿತನ.”

“ಮತ್ತೆ ಆ ಹಿಮದ ಸ್ಕೂಟರು?” ಎಂದ ಸುರೇಶ್. ಈ ಸಲ ಅವನ ಮಾತಿನಲ್ಲಿ ಕೀಟಲೆ ಇರಲಿಲ್ಲ.

“ಮೇಲೆ ಕೂತೋನೇ ಅಲ್ಲ ಮಗಾ. ಅಡುಗೆ ಟೆಂಟಿಂದ ನೋಡ್ತಿದ್ದೆ. ಗಾಳಿ ತೆಳು ಅಂತ ಗೊತ್ತಾಗಿದ್ದೂ ತೊಗರಿಬೇಳೆ ಬೇಯದೆ ಇದ್ದಾಗ. ಅಲ್ಲಿ ಎರಡು ಗಾಡಿ ಇದ್ವು. ಒಂದಕ್ಕೆ ಹೊಸ ಕ್ಲಚ್ ಕಿಟ್ ಹಾಕವ್ರೆ ಅಂತಿದ್ರು. ಅದು ಚೆನ್ನಾಗೇ ಹತ್ತೋದು, ಸುಳ್ಳಲ್ಲ. ಆದ್ರೆ ಅದನ್ನ ಓಡಿಸ್ತಿದ್ದೋನು ದಿನಾ ಬೆಳಗ್ಗೆ ಆ ಚಳೀಲಿ ಮುಚ್ಚಳ ಬಿಚ್ಚಿ, ಒರೆಸಿ, ಬೆಲ್ಟನ್ನ ಕೈಯಲ್ಲಿ ಹಿಡಿದು ನೋಡೋನು. ಇನ್ನೊಂದು ಗಾಡಿಯೋನು ಏನೂ ನೋಡ್ದೆ ಬಂದೋನೇ ಸ್ಟಾರ್ಟ್ ಮಾಡೋನು. ಕಿಟ್ಟಿಂದ ಹತ್ತಿತೋ, ಒರೆಸಿದ್ದಕ್ಕೆ ಹತ್ತಿತೋ, ಇವತ್ತಿಗೂ ನಂಗ್ಗೊತ್ತಿಲ್ಲ. ಗೊತ್ತು ಅಂತ ಹೇಳ್ಕೊಂಡು ತಿರುಗ್ದೆ, ಅಷ್ಟೇ.”

“ನಾಳೆ ಎಂಟಕ್ಕೆ ಇದು ಹತ್ತತ್ತಾ?” ಎಂದಳು ವೇದಾ. “ನೇರವಾಗಿ ಹೇಳಿ. ಹತ್ತಲ್ಲ ಅಂದ್ರೆ ಇವತ್ತೇ ಮ್ಯಾನೇಜರ್‌ಗೆ ಫೋನ್ ಮಾಡ್ತೀನಿ.”

ಬ್ಯಾಟರಾಯಪ್ಪ ಗೋಡೆಗೆ ಕೈ ಊರಿ, ಮಂಡಿ ಬಿಡಿಸಿ, ನಿಧಾನ ಎದ್ದು ನಿಂತ. ಸುರೇಶನ ಬೈಕಿನ ಕಡೆ ನೋಡಿದ.

“ಇವನ ಬೈಕಲ್ಲಿ ಈಗ್ಲೇ ಓಗಿ ಬೆಲ್ಟು ತರ್ತೀನಿ. ಕಂಪನಿ ಸ್ಪ್ರಿಂಗು ವಾಪಸ್ ಹಾಕ್ತೀನಿ. ರೋಲರ್ ಇರ್ಲಿ, ಅದು ಹತ್ತೋಕೆ ಒಳ್ಳೇದೇ ಅನ್ಸತ್ತೆ. ಬೆಳಗ್ಗೆ ನಾನೂ ಬರ್ತೀನಿ, ನಿನಗಿಂತ ಮೊದಲು ನಾನು ಹತ್ತಿಸಿ ನೋಡ್ತೀನಿ. ಹತ್ಬೋದು. ಗ್ಯಾರಂಟಿ ಮಾತ್ರ ಕೊಡಕ್ಕಾಗಲ್ಲ ವೇದಮ್ಮ. ಬೆಲ್ಟು ಬೇಕಾದಷ್ಟು ಬದಲಾಯಿಸಿದೀನಿ. ಈ ಕಿಟ್ಟು ಅಂತ ಕೈಲಿ ಹಿಡಿದಿದ್ದೇ ನಿನ್ ಗಾಡೀಗೆ ಮೊದಲು.”